ತುಂಬಿ ತುಳುಕುವ ಜಾಡಿಯ ಕಾರಂಜಿ: ನೆಲದಡಿಯ ತೊಟ್ಟಿಯಿಂದ ಶುರು

ಜಾಡಿಯ ಬಾಯಿಂದ ನೀರು ಸುತ್ತಲೂ ಸಮನಾಗಿ ತುಳುಕಿ, ಮೈಗುಂಟ ಇಳಿದು, ಬುಡದ ಕಲ್ಲುಗಳ ನಡುವೆ ಮರೆಯಾಗಿ, ಕೆಳಗಿನ ತೊಟ್ಟಿಯಿಂದ ಪಂಪಿನ ಮೂಲಕ ಮತ್ತೆ ಮೇಲೇರುವ ಕಾರಂಜಿ ಮನೆಯ ಕೈತೋಟಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ತೆರೆದ ಕೊಳ ಇರುವುದಿಲ್ಲ, ಜಾಗ ಒಂದು ಮೀಟರಿನಷ್ಟು ಸಾಕು, ಆರೈಕೆಯೂ ಕಡಿಮೆ. ಇದನ್ನು ಮಾಡಿಕೊಳ್ಳಲು ಹೊರಟವರ ಗಮನವೆಲ್ಲ ಜಾಡಿಯ ಅಂದದ ಮೇಲಿರುತ್ತದೆ. ಆದರೆ ಕಾರಂಜಿ ವರ್ಷಗಟ್ಟಲೆ ಓಡುತ್ತದೋ, ಎರಡೇ ತಿಂಗಳಲ್ಲಿ ಪಂಪ್ ಸುಟ್ಟುಕೊಂಡು ನಿಲ್ಲುತ್ತದೋ ಎಂಬುದು ಕಣ್ಣಿಗೆ ಕಾಣದ ನೆಲದಡಿಯ ತೊಟ್ಟಿಯ ಮೇಲೆ ನಿಂತಿದೆ. ಅದಕ್ಕೇ ನಾನು ಜಾಡಿಯ ಅಳತೆ ಬರೆದುಕೊಂಡ ಕೂಡಲೇ ತೊಟ್ಟಿಯ ಲೆಕ್ಕಕ್ಕೆ ಕೂರುತ್ತೇನೆ.

ಇಲ್ಲಿ ಉದಾಹರಣೆಗೆ 75 ಸೆಂ.ಮೀ. ಎತ್ತರ, 30 ಸೆಂ.ಮೀ. ಬಾಯಗಲ, ಸುಮಾರು 80 ಲೀಟರ್ ಹಿಡಿಯುವ ಮೆರುಗಿನ ಪಿಂಗಾಣಿ ಜಾಡಿಯನ್ನು ಇಟ್ಟುಕೊಳ್ಳೋಣ. ಆಯ್ಕೆ ಮಾಡುವಾಗ ಬಣ್ಣಕ್ಕಿಂತ ಮೊದಲು ಅಂಚನ್ನು ನೋಡಬೇಕು. ಅಂಚು ದುಂಡಗಿದ್ದು ಹೊರಕ್ಕೆ ಮೆಲ್ಲಗೆ ಇಳಿಯುವಂತಿದ್ದರೆ ನೀರು ಮೈಗೆ ಅಂಟಿಕೊಂಡೇ ಬರುತ್ತದೆ. ಹೊರಕ್ಕೆ ಚಾಚಿ, ಕೆಳಗೆ ಚೂಪಾಗಿ ಒಳಸರಿದ ಅಂಚಾದರೆ ನೀರು ಅಲ್ಲೇ ಕಳಚಿಕೊಂಡು ಹನಿಹನಿಯಾಗಿ ಬೀಳುತ್ತದೆ. ಅಂಥ ಜಾಡಿಯನ್ನು ಏನು ಮಾಡಿದರೂ ಸರಿಪಡಿಸಲಾಗದು. ಮೆರುಗಿಲ್ಲದ ಮಣ್ಣಿನ ಜಾಡಿಯೂ ಆಗುತ್ತದೆ, ಆದರೆ ಅದು ನೀರನ್ನು ಹೀರಿ ಹೊರಕ್ಕೆ ಬೆವರುತ್ತದೆ. ಒಳಮೈಗೆ ಪಾಲಿಮರ್ ಬೆರೆತ ಸಿಮೆಂಟ್ ವಾಟರ್‌ಪ್ರೂಫಿಂಗ್ ಲೇಪವನ್ನು ಎರಡು ಮೂರು ಕೈ ಬಳಿದು, ಪ್ರತಿ ಕೈ ಒಣಗಲು ಬಿಟ್ಟು, ಆಮೇಲೆ ಬಳಸಬೇಕು.

ಈಗ ತೊಟ್ಟಿ. 90 ಸೆಂ.ಮೀ. ವ್ಯಾಸ, 45 ಸೆಂ.ಮೀ. ಆಳದ ಗಟ್ಟಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಒಟ್ಟು 286 ಲೀಟರ್ ಹಿಡಿಯುತ್ತದೆ. ಆದರೆ ಅಷ್ಟೂ ನಮ್ಮ ಕೈಗೆ ಸಿಗುವುದಿಲ್ಲ. ಪಂಪ್ ಸದಾ ಮುಳುಗಿರಲು ತಳದ 10 ಸೆಂ.ಮೀ. ಬಿಡಬೇಕು, ಮೇಲೆ ಕಲ್ಲುಗಳನ್ನು ಹೊರಲು ತೊಟ್ಟಿಗೆ ಮುಚ್ಚುವ ಜಾಲರಿಗೂ ಹಿಂದಿರುಗುವ ನೀರಿಗೂ ಇನ್ನೂ 10 ಸೆಂ.ಮೀ. ಬಿಡಬೇಕು. ನಡುವಿನ 25 ಸೆಂ.ಮೀ. ಮಾತ್ರ ನಿಜವಾದ ದಾಸ್ತಾನು. ಒಂದು ಸೆಂ.ಮೀ.ಗೆ 6.4 ಲೀಟರಿನಂತೆ ಅದು ಸುಮಾರು 160 ಲೀಟರ್. ಒಣ ಬೇಸಿಗೆಯಲ್ಲಿ ತೆರೆದ ನೀರಿನ ಮೇಲ್ಮೈಯಿಂದ ದಿನಕ್ಕೆ 6ರಿಂದ 8 ಮಿ.ಮೀ. ಆವಿಯಾಗುತ್ತದೆ. ಜಾಡಿಯ ಒದ್ದೆ ಮೈಯೇ ಸುಮಾರು ಒಂದು ಚದರ ಮೀಟರ್ ಇರುವುದರಿಂದ, ಗಾಳಿಗೆ ಸಿಡಿದು ಹೋಗುವುದನ್ನೂ ಸೇರಿಸಿ ದಿನಕ್ಕೆ 10 ಲೀಟರ್ ನಷ್ಟವೆಂದು ಹಿಡಿಯುತ್ತೇನೆ. ಎರಡು ವಾರ ಮರೆತರೂ ಪಂಪ್ ಬದುಕಿರುತ್ತದೆ. ಇದೇ ಜಾಡಿಯ ಕೆಳಗೆ 60 ಲೀಟರಿನ ಟಬ್ ಹೂತರೆ ಮೂರು ನಾಲ್ಕು ದಿನಕ್ಕೇ ನೀರು ತಳ ಮುಟ್ಟುತ್ತದೆ. ಇಂಥ ಪಂಪುಗಳ ಒಳಗಿನ ದಂಡಕ್ಕೆ ನೀರೇ ಜಾರುಕ, ನೀರೇ ತಂಪು. ಅದಿಲ್ಲದೆ ತಿರುಗಿದರೆ ಸುಟ್ಟೇ ಹೋಗುತ್ತದೆ.

ತೊಟ್ಟಿಯನ್ನು ಪೂರ್ತಿ ಕಲ್ಲಿನಿಂದ ತುಂಬಿಸುವ ಪದ್ಧತಿಯೊಂದಿದೆ. ನಾನದನ್ನು ಒಪ್ಪುವುದಿಲ್ಲ. ಉರುಟು ಕಲ್ಲುಗಳ ಸಂದಿನಲ್ಲಿ ಉಳಿಯುವ ಜಾಗ ಸುಮಾರು 40 ಶೇಕಡಾ ಮಾತ್ರ. 286 ಲೀಟರಿನ ತೊಟ್ಟಿ 115 ಲೀಟರಿಗೆ ಇಳಿಯುತ್ತದೆ, ಕೆಸರು ತೆಗೆಯಲು ಪ್ರತಿ ಸಲ ಕಲ್ಲೆಲ್ಲ ಎತ್ತಬೇಕಾಗುತ್ತದೆ. ಅದರ ಬದಲು ತೊಟ್ಟಿಯ ನಡುವೆ ಸಿಮೆಂಟ್ ಬ್ಲಾಕುಗಳ ಗಟ್ಟಿ ಪೀಠ ಕಟ್ಟಿ, ಜಾಡಿಯ ಭಾರ ನೇರ ಅದರ ಮೇಲೆ ಕೂರುವಂತೆ ಮಾಡುತ್ತೇನೆ. ನೀರು ತುಂಬಿದ ಜಾಡಿ 120 ಕಿಲೋ ಮೀರುತ್ತದೆ, ಆ ಭಾರವನ್ನು ಜಾಲರಿಗೆ ವಹಿಸಬಾರದು. ಜಾಲರಿ ಹೊರಬೇಕಾದದ್ದು ಸುತ್ತಲಿನ ಅಲಂಕಾರದ ಕಲ್ಲುಗಳನ್ನು ಮಾತ್ರ. ಹೊಸ ಸಿಮೆಂಟ್ ಬ್ಲಾಕು ನೀರಿಗೆ ಸುಣ್ಣ ಬಿಡುವುದರಿಂದ ಅವನ್ನು ಬೇರೆ ಪಾತ್ರೆಯಲ್ಲಿ ನೆನೆಸಿ, ನೀರು ಬದಲಿಸುತ್ತಾ, ಒಂದೆರಡು ವಾರ ಬಿಟ್ಟು ಬಳಸುವುದು ಒಳ್ಳೆಯದು.

ಗುಂಡಿಯನ್ನು ಟಬ್ಬಿಗಿಂತ ಸುತ್ತಲೂ 10 ಸೆಂ.ಮೀ. ಅಗಲ ತೋಡಿ, ತಳದ ಮಣ್ಣನ್ನು ದಮ್ಮಸ್ಸು ಮಾಡಿ, 5 ಸೆಂ.ಮೀ. ಮರಳು ಹಾಸಿ ಮಟ್ಟ ಮಾಡಬೇಕು. ಟಬ್ಬಿನ ಅಂಚು ನೆಲಕ್ಕಿಂತ 3ರಿಂದ 5 ಸೆಂ.ಮೀ. ಮೇಲಿರಲಿ, ಇಲ್ಲದಿದ್ದರೆ ಮೊದಲ ಜೋರು ಮಳೆಗೇ ತೋಟದ ಮಣ್ಣೂ ಗೊಬ್ಬರವೂ ಒಳಗೆ ಹರಿದು ಬರುತ್ತವೆ. ಪಕ್ಕಕ್ಕೆ ಮಣ್ಣು ತುಂಬುವಾಗ ಟಬ್ಬಿಗೂ ಅದೇ ಎತ್ತರಕ್ಕೆ ನೀರು ತುಂಬುತ್ತಾ ಹೋಗಬೇಕು. ಖಾಲಿ ಟಬ್ಬಿನ ಗೋಡೆ ಒಳಕ್ಕೆ ಬಾಗುತ್ತದೆ, ನೆಲದಲ್ಲಿ ನೀರು ನಿಂತರೆ ಟಬ್ಬೇ ಮೇಲಕ್ಕೆ ತೇಲುತ್ತದೆ. ಗಾಳಿ ಬೀಸುವ ಜಾಗವಾದರೆ ಟಬ್ಬಿನ ಸುತ್ತ ಇನ್ನೂ 30 ಸೆಂ.ಮೀ. ಅಗಲಕ್ಕೆ ದಪ್ಪ ರಬ್ಬರ್ ಹಾಳೆಯನ್ನು ಒಳಮುಖವಾಗಿ ಇಳಿಜಾರು ಬರುವಂತೆ ಹಾಸಿ ಕಲ್ಲು ಮುಚ್ಚುತ್ತೇನೆ. ಸಿಡಿದ ನೀರು ಮಣ್ಣಿಗೆ ಹೋಗದೆ ಮರಳಿ ಬರುತ್ತದೆ.

ಪಂಪಿನ ಮೇಲೆ ಬರೆದಿರುವ ಗಂಟೆಗೆ ಇಷ್ಟು ಲೀಟರ್ ಎಂಬ ಅಂಕಿ, ನೀರನ್ನು ಎತ್ತುವ ಕೆಲಸವೇ ಇಲ್ಲದಿರುವಾಗಿನದು. ಅದರ ಪಕ್ಕದ ಗರಿಷ್ಠ ಹೆಡ್ ಎಂಬುದು ನೀರು ತಲುಪಿ ನಿಂತೇಬಿಡುವ ಎತ್ತರ. ಅಲ್ಲಿ ಹರಿವು ಸೊನ್ನೆ. ನಮ್ಮ ಕೆಲಸ ಇವೆರಡರ ನಡುವೆ. ಬಾಯಿಯ ಸುತ್ತಳತೆ 94 ಸೆಂ.ಮೀ. ಅಂಚಿನ ಪ್ರತಿ ಸೆಂ.ಮೀ.ಗೆ ಗಂಟೆಗೆ 20ರಿಂದ 25 ಲೀಟರ್ ಕೊಟ್ಟರೆ ತೆಳುವಾದ, ಮುರಿಯದ ಪದರ ಬರುತ್ತದೆ. ಅಂದರೆ ಗಂಟೆಗೆ 2,000 ಲೀಟರಿನ ಆಸುಪಾಸು. ಎತ್ತರವನ್ನು ಜಾಡಿಯ ಬುಡದಿಂದ ಅಳೆಯಬಾರದು, ತೊಟ್ಟಿಯ ನೀರು ಅತ್ಯಂತ ಕೆಳಗಿಳಿದಾಗಿನ ಮಟ್ಟದಿಂದ ಜಾಡಿಯ ಅಂಚಿನವರೆಗೆ ಅಳೆಯಬೇಕು. ನಮ್ಮ ಲೆಕ್ಕದಲ್ಲಿ ಅದು 1.1 ಮೀಟರ್. 3 ಮೀಟರ್ ಹೆಡ್, 3,500 ಲೀಟರ್ ಎಂದು ಬರೆದ ಪಂಪ್ ಈ ಎತ್ತರದಲ್ಲಿ ಹೆಚ್ಚುಕಡಿಮೆ ಬೇಕಾದಷ್ಟು ಕೊಡುತ್ತದೆ. ಸ್ವಲ್ಪ ದೊಡ್ಡದನ್ನೇ ತಂದು, ಪಂಪಿನಿಂದ ನೀರು ಹೊರಬರುವ ಬದಿಗೆ ಬಾಲ್ ವಾಲ್ವ್ ಹಾಕಿ ತಗ್ಗಿಸಿಕೊಳ್ಳುವುದು ಕ್ಷೇಮ. ನೀರು ಎಳೆದುಕೊಳ್ಳುವ ಬದಿಯನ್ನು ಮಾತ್ರ ಬಿಗಿಯಬಾರದು.

ಪೈಪಿನಲ್ಲಿ ಜಿಪುಣತನ ಬೇಡ. ಒಳವ್ಯಾಸ ಅರ್ಧವಾದರೆ ಅದೇ ಹರಿವಿಗೆ ಘರ್ಷಣೆಯ ನಷ್ಟ ಸುಮಾರು 30 ಪಟ್ಟು ಏರುತ್ತದೆ. ಈ ಹರಿವಿಗೆ 25 ಮಿ.ಮೀ. ಒಳವ್ಯಾಸ ಬೇಕು, ಅರ್ಧ ಇಂಚಿನ ಪೈಪ್ ಹಾಕಿ ಪಂಪ್ ಸರಿಯಿಲ್ಲ ಎಂದು ದೂರುವವರೇ ಹೆಚ್ಚು. ಪೈಪನ್ನು ತಿರುಗಿಸುವ ಒಂದು ಎಲ್ಬೋ ಎಂದರೆ ಮುಕ್ಕಾಲು ಮೀಟರ್ ಪೈಪ್ ಹೆಚ್ಚಿಗೆ ಹಾಕಿದಂತೆ, ಆದ್ದರಿಂದ ಪಂಪಿನಿಂದ ಜಾಡಿಯ ಬುಡಕ್ಕೆ ಬಾಗುವ ಹೋಸ್ ಪೈಪ್ ಬಳಸಿ ಕ್ಲಿಪ್ ಬಿಗಿಯುತ್ತೇನೆ.

ಜಾಡಿಯ ತಳಕ್ಕೆ ತೂತು ಕೊರೆಯುವುದೇ ಎಲ್ಲರೂ ಹೆದರುವ ಹಂತ. ಪೈಪನ್ನು ಜಾಡಿಯೊಳಕ್ಕೆ ಹಾಯಿಸುವ ಒಂದಿಂಚಿನ ಟ್ಯಾಂಕ್ ನಿಪ್ಪಲ್ಲಿನ ತಿರುಪು ಮರೆಯ ಹೊರವ್ಯಾಸ 33 ಮಿ.ಮೀ., ಅದಕ್ಕೆ 35 ಮಿ.ಮೀ. ಡೈಮಂಡ್ ಕೋರ್ ಬಿಟ್ ಸರಿಹೊಂದುತ್ತದೆ. ಜಾಡಿಯನ್ನು ದಪ್ಪ ಮ್ಯಾಟಿನ ಮೇಲೆ ಬೋರಲು ಹಾಕಿ, ಬಿಟ್ಟನ್ನು ಓರೆಯಾಗಿ ಹಿಡಿದು ಒಂದು ಅರ್ಧಚಂದ್ರದ ಗೀರು ಮೂಡಿಸಿ, ಆಮೇಲೆ ಮೆಲ್ಲಗೆ ನೇರ ಮಾಡಬೇಕು. ಡ್ರಿಲ್ಲಿನ ಹ್ಯಾಮರ್ ಗುಂಡಿ ಕಡ್ಡಾಯವಾಗಿ ಆಫ್ ಇರಲಿ, ವೇಗ ಕಡಿಮೆ ಇರಲಿ, ಹತ್ತಿರದವರೊಬ್ಬರು ಬಾಟಲಿಯಿಂದ ನೀರು ಸುರಿಯುತ್ತಲೇ ಇರಲಿ. ಡ್ರಿಲ್ಲಿಗೆ ಮಾತ್ರ ನೀರು ತಾಗಬಾರದು. ಕೊನೆಯ ಎರಡು ಮೂರು ಮಿ.ಮೀ. ಬಂದಾಗ ಒತ್ತಡ ಪೂರ್ತಿ ಬಿಡಬೇಕು. ಜಾಡಿ ಸೀಳುವುದು ಬಹುಪಾಲು ಅಲ್ಲೇ, ಬಿಟ್ ಹೊರಬೀಳುವ ಗಳಿಗೆಯಲ್ಲಿ.

ನಿಪ್ಪಲ್ಲಿನ ರಬ್ಬರ್ ವಾಷರ್ ನೀರಿರುವ ಒಳಬದಿಗೆ ಬರಬೇಕು. ಕೈಯಲ್ಲಿ ಬಿಗಿದ ಮೇಲೆ ಪಾನಾದಿಂದ ಕಾಲು ಸುತ್ತು ಸಾಕು, ಪಿಂಗಾಣಿ ಇನ್ನೂ ಬಿಗಿದರೆ ಬಿರಿಯುತ್ತದೆ. ಸಿಲಿಕೋನ್ ಹಚ್ಚುವುದಾದರೆ ನ್ಯೂಟ್ರಲ್ ಬಗೆಯದನ್ನೇ ತರಬೇಕು. ವಿನೆಗರ್ ವಾಸನೆಯದು ಸಿಮೆಂಟು, ಮಣ್ಣಿನ ಮೈಗೆ ಸರಿಯಾಗಿ ಕಚ್ಚುವುದಿಲ್ಲ, ಲೋಹವನ್ನೂ ತಿನ್ನುತ್ತದೆ. ಯಾವ ಸಿಲಿಕೋನ್ ಆದರೂ ಒದ್ದೆ ಮೈಗೆ ಹಿಡಿಯದು. ಒಂದು ದಿನ ಒಣಗಲು ಬಿಟ್ಟು, ಪೈಪಿನ ಬಾಯಿಗೆ ಬೂಚು ಹಾಕಿ, ಜಾಡಿಯನ್ನು ಎರಡು ಬ್ಲಾಕುಗಳ ಮೇಲಿಟ್ಟು ನೀರು ತುಂಬಿ ಮತ್ತೊಂದು ದಿನ ಕಾಯಬೇಕು. ತೊಟ್ಟಿಯ ಮೇಲೆ ಕೂರಿಸಿದ ನಂತರ ಬುಡದ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ.

ಜಾಡಿಯೊಳಗೆ ನಿಪ್ಪಲ್ಲಿನಿಂದ ಮೇಲಕ್ಕೆ ನೆಟ್ಟಗೆ ಪಿವಿಸಿ ಪೈಪ್ ನಿಲ್ಲಿಸಿ, ಅಂಚಿಗಿಂತ 10 ಸೆಂ.ಮೀ. ಕೆಳಗೆ ಅದನ್ನು ಮುಗಿಸುತ್ತೇನೆ. ಪೈಪ್ ಇಲ್ಲದಿದ್ದರೆ ಕರೆಂಟ್ ಹೋದ ಕೂಡಲೇ ಜಾಡಿಯ 80 ಲೀಟರೂ ಪಂಪಿನ ಮೂಲಕವೇ ತೊಟ್ಟಿಗೆ ಇಳಿದು ಉಕ್ಕಿ ಹರಿಯುತ್ತದೆ. ಪೈಪ್ ಇದ್ದರೆ ಅದರ ಬಾಯಿಗಿಂತ ಮೇಲಿನ 7ರಿಂದ 10 ಲೀಟರ್ ಮಾತ್ರ ಇಳಿಯುತ್ತದೆ. ಇನ್ನೂ ಎತ್ತರಕ್ಕೆ ಒಯ್ದರೆ ಬುಗ್ಗೆ ನೀರಿನ ಮೇಲ್ಮೈಯನ್ನು ಉಬ್ಬಿಸಿ ಹರಿವನ್ನು ಒಂದು ಕಡೆಗೆ ಎಳೆಯುತ್ತದೆ. ಪೈಪಿನ ತುದಿಗೆ ಮುಚ್ಚಳ ಹಾಕಿ ಸುತ್ತಲೂ 8 ಮಿ.ಮೀ. ತೂತುಗಳನ್ನು ಹನ್ನೆರಡರಷ್ಟು ಕೊರೆದರೆ ಮೇಲ್ಮೈ ಕನ್ನಡಿಯಂತೆ ನಿಲ್ಲುತ್ತದೆ. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್-ರಿಟರ್ನ್ ವಾಲ್ವನ್ನು ನಂಬುವುದಿಲ್ಲ. ಒಂದು ಮರಳ ಕಣ ಸಿಕ್ಕಿಕೊಂಡರೆ ಅದು ಮುಚ್ಚುವುದೇ ಇಲ್ಲ.

ಮಟ್ಟದ ವಿಷಯಕ್ಕೆ ಎಷ್ಟು ಹೊತ್ತು ಕೊಟ್ಟರೂ ಸಾರ್ಥಕ. ಈ ಹರಿವಿನಲ್ಲಿ ಅಂಚಿನ ಮೇಲೆ ನೀರಿನ ದಪ್ಪ ಸುಮಾರು 5 ಮಿ.ಮೀ. ಮಾತ್ರ. ಜಾಡಿ ಅಷ್ಟೇ ಓರೆಯಾದರೂ ಒಂದು ಬದಿ ಪೂರ್ತಿ ಒಣಗುತ್ತದೆ, ಇನ್ನೊಂದು ಬದಿಯಲ್ಲಿ ಧಾರೆ ಸುರಿಯುತ್ತದೆ. ರಸಮಟ್ಟವನ್ನು ಅಂಚಿನ ಮೇಲೆ ಅಡ್ಡಡ್ಡ, ಉದ್ದುದ್ದ ಇಟ್ಟು ನೋಡಿದ ಮೇಲೂ ಕೊನೆಯ ತೀರ್ಪು ನೀರಿನದೇ. ಜಾಡಿಯನ್ನು ಪೂರ್ತಿ ತುಂಬಿಸಿ, ಆ ಭಾರಕ್ಕೆ ಪೀಠ ಕುಗ್ಗುವಷ್ಟು ಕುಗ್ಗಲು ಒಂದು ರಾತ್ರಿ ಬಿಟ್ಟು, ಮರುದಿನ ಲೋಟದಿಂದ ನಿಧಾನವಾಗಿ ನೀರು ಸೇರಿಸುತ್ತಾ ಮೊದಲು ಎಲ್ಲಿ ತುಳುಕುತ್ತದೆ ಎಂದು ನೋಡಿ ಗುರುತು ಹಾಕಬೇಕು. ಆ ಬದಿಯ ಬುಡಕ್ಕೆ ಪ್ಲಾಸ್ಟಿಕ್ ಅಥವಾ ಸ್ಟೀಲಿನ ತೆಳು ತುಂಡು ಕೊಟ್ಟು ಎತ್ತಬೇಕು. ಮರದ ಚಕ್ಕೆ ನೆನೆದು ಉಬ್ಬುತ್ತದೆ, ಬೇಡ. ಕೈಯಲ್ಲಿ ತಿದ್ದಿದ ಜಾಡಿಗಳ ಅಂಚೇ ಅಲೆಅಲೆಯಾಗಿರುತ್ತದೆ. ಉಬ್ಬಿರುವ ಕಡೆ ಡೈಮಂಡ್ ಪ್ಯಾಡಿನಿಂದ ಒದ್ದೆ ಮಾಡಿಕೊಂಡು ಉಜ್ಜಿದರೆ ಒಂದೆರಡು ಮಿ.ಮೀ. ಇಳಿಸಬಹುದು.

ಪಂಪ್ ಹಾಕುವ ಮೊದಲು ಜಾಡಿ ತುಂಬಿರಲೇಬೇಕು. ಖಾಲಿ ಜಾಡಿಗೆ ಪಂಪ್ ಓಡಿಸಿದರೆ ಅದು ತೊಟ್ಟಿಯ ಅರ್ಧ ದಾಸ್ತಾನನ್ನು ಒಮ್ಮೆಗೇ ಮೇಲಕ್ಕೆ ಎಳೆದುಕೊಳ್ಳುತ್ತದೆ. ಮೊದಲ ದಿನ ನೀರು ಪದರವಾಗದೆ ಗೆರೆಗೆರೆಯಾಗಿ ಇಳಿದರೆ ಗಾಬರಿ ಬೇಡ. ಹೊಸ ಮೆರುಗಿನ ಮೇಲಿನ ಜಿಡ್ಡನ್ನು ಸೋಪಿನಲ್ಲಿ ತೊಳೆದು ಚೆನ್ನಾಗಿ ಜಾಲಾಡಿಸಿ. ಎರಡು ಮೂರು ವಾರದಲ್ಲಿ ಕಣ್ಣಿಗೆ ಕಾಣದ ತೆಳು ಲೋಳೆ ಮೈಗೆ ಕೂತು ನೀರು ತಾನಾಗಿ ಹರಡಿಕೊಳ್ಳುತ್ತದೆ. ಆಮೇಲೆ ಆ ಮೈಯನ್ನು ಉಜ್ಜಿ ಹೊಳಪಿಸಲು ಹೋಗಬಾರದು.

ನನಗೆ ಅತಿ ಇಷ್ಟದ ಕೆಲಸ ಸದ್ದನ್ನು ಹದ ಮಾಡುವುದು. ಹರಿಯುವ ನೀರಿನ ನಾದ ಬಹುಪಾಲು ನೀರೊಳಗೆ ಸಿಕ್ಕಿದ ಗಾಳಿಗುಳ್ಳೆಗಳ ಕಂಪನದಿಂದ ಹುಟ್ಟುತ್ತದೆ ಎಂದು ಖಗೋಳವಿಜ್ಞಾನಿ ಮಾರ್ಸೆಲ್ ಮಿನ್ನಾರ್ಟ್ 1933ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಒಂದು ಮಿ.ಮೀ. ತ್ರಿಜ್ಯದ ಗುಳ್ಳೆ ಸುಮಾರು 3,260 ಹರ್ಟ್ಸ್‌ನಲ್ಲಿ, ಮೂರು ಮಿ.ಮೀ. ತ್ರಿಜ್ಯದ್ದು 1,090ರ ಹತ್ತಿರ ದನಿಗೊಡುತ್ತದೆ. ಗುಳ್ಳೆ ದೊಡ್ಡದಾದಷ್ಟೂ ಸ್ವರ ಇಳಿಯುತ್ತದೆ. ತೋಟದಲ್ಲಿ ಇದರ ಉಪಯೋಗ ನೇರ. ನೀರು ಕಲ್ಲಿನ ಮೇಲೇ ಬಿದ್ದರೆ ಚಟಪಟ ಸಿಡಿತ, ಅಷ್ಟೆ. ಜಾಡಿಯ ಬುಡದ ಒಂದು ಕಡೆ ಕಲ್ಲು ಸರಿಸಿ, ಜಾಲರಿಯ ಮೂಲಕ ನೀರು 10ರಿಂದ 15 ಸೆಂ.ಮೀ. ಕೆಳಗಿನ ತೊಟ್ಟಿಯ ನೀರಿಗೇ ನೇರ ಬೀಳಲು ಬಿಟ್ಟರೆ ದೊಡ್ಡ ಗುಳ್ಳೆಗಳೆದ್ದು ಗುಳುಗುಳು ಎನ್ನುವ ಆಳದ ದನಿ ಬರುತ್ತದೆ, ತೊಟ್ಟಿಯಲ್ಲಿ ನೀರಿನ ಮೇಲಿನ ಟೊಳ್ಳು ಅದನ್ನು ಇನ್ನೂ ತುಂಬಿಸುತ್ತದೆ. ಒಂದೊಂದೇ ಕಲ್ಲು ಸರಿಸುತ್ತಾ, ದಿನಾ ಕೂರುವ ಜಾಗಕ್ಕೆ ಹೋಗಿ ಕಿವಿಗೊಟ್ಟು, ಮತ್ತೆ ಬಂದು ಸರಿಸಬೇಕು. ತೊಟ್ಟಿಯ ಮಟ್ಟ ಇಳಿದ ಹಾಗೆ ದನಿಯೂ ಬದಲಾಗುತ್ತದೆ. ಕೆಲವು ವಾರ ಕೇಳಿದವರಿಗೆ ನೀರು ಸೇರಿಸುವ ದಿನ ಕಿವಿಯಿಂದಲೇ ತಿಳಿಯುತ್ತದೆ.

ವಿದ್ಯುತ್ತಿನಲ್ಲಿ ರಾಜಿಯಿಲ್ಲ. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇಲ್ಲದ ಸಾಲಿಗೆ ಪಂಪ್ ಜೋಡಿಸಬಾರದು. ವೈರಿನ ಜೋಡಣೆ ತೊಟ್ಟಿಯೊಳಗೆ ಇರಕೂಡದು, ಸಾಕೆಟ್ ನೆಲದಿಂದ ಎತ್ತರದಲ್ಲಿ ಮುಚ್ಚಳದ ಪೆಟ್ಟಿಗೆಯಲ್ಲಿರಲಿ, ವೈರು ಪೆಟ್ಟಿಗೆಗೆ ಏರುವ ಮುನ್ನ ಕೆಳಕ್ಕೆ ಜೋತು ಬಿದ್ದಿರಲಿ, ಹನಿಗಳು ಅಲ್ಲೇ ಉದುರುತ್ತವೆ. ನೀರಿಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತಿಡಿ. ಟ್ರಾನ್ಸ್‌ಫಾರ್ಮರ್ ಇರುವ 12 ಅಥವಾ 24 ವೋಲ್ಟಿನ ಪಂಪ್ ಸಿಕ್ಕರೆ ಇನ್ನೂ ಒಳ್ಳೆಯದು. ಖರ್ಚಿನ ಚಿಂತೆ ಬೇಡ, 40 ವ್ಯಾಟಿನ ಪಂಪ್ ದಿನವಿಡೀ ಓಡಿದರೂ ಒಂದು ಯೂನಿಟ್ ಮುಟ್ಟುವುದಿಲ್ಲ.

ಪಂಪನ್ನು ಜಾಡಿಯ ಅಡಿಯಲ್ಲಿ ಎಂದೂ ಇಡಬಾರದು. ತೊಟ್ಟಿಯ ಅಂಚಿನ ಕಡೆ, ಒಂದು ತೆಳು ಕಲ್ಲಿನ ಮೇಲೆ, ಜಾಲರಿ ಚೀಲದೊಳಗೆ ಇರಲಿ. ಅದರ ಮೇಲಿನ ಜಾಲರಿಯಲ್ಲಿ 25 ಸೆಂ.ಮೀ. ಚೌಕದ ಬಾಗಿಲು ಕತ್ತರಿಸಿಟ್ಟರೆ ನಾಲ್ಕು ಕಲ್ಲು ಸರಿಸಿ ಪಂಪ್ ಎತ್ತಬಹುದು. ಹರಿವು ತಗ್ಗಿದರೆ ಮೊದಲು ಚೀಲ ತೊಳೆಯಿರಿ, ಆಮೇಲೆ ಪಂಪಿನೊಳಗೆ ತಿರುಗುವ ರೆಕ್ಕೆ, ಅಂದರೆ ಇಂಪೆಲ್ಲರ್ ಬಿಚ್ಚಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿದ್ದರಲ್ಲಿ ಒಂದೆರಡು ಗಂಟೆ ನೆನೆಸಿ ತೊಳೆಯಿರಿ. ಗರಗರ ಸದ್ದು ಬಂದರೆ ಪಂಪ್ ಗಾಳಿ ಎಳೆಯುತ್ತಿದೆ ಎಂದರ್ಥ, ನೀರು ಸಾಲದು.

ಮೈಮೇಲೆ ಕೂರುವ ಬಿಳಿ ಪದರಕ್ಕೆ ಕಾರಣ ಗಡಸು ನೀರು. ಆವಿಯಾಗುವುದು ಬರಿಯ ನೀರು, ಲವಣ ಉಳಿಯುತ್ತದೆ. ಜಾಡಿಯದೂ ತೊಟ್ಟಿಯದೂ ಸೇರಿ ಸುಮಾರು 300 ಲೀಟರಿಗೆ ದಿನಾ 10 ಲೀಟರ್ ಸೇರಿಸುತ್ತಾ ಹೋದರೆ ಒಂದು ತಿಂಗಳಲ್ಲಿ ಲವಣ ಹೆಚ್ಚುಕಡಿಮೆ ಇಮ್ಮಡಿ. ಬರೀ ಮೇಲಿಂದ ತುಂಬಿಸುತ್ತಿದ್ದರೆ ಸಾಲದು, ತಿಂಗಳಿಗೊಮ್ಮೆ ಅರ್ಧ ನೀರನ್ನು ಹೊರಹಾಕಿ ಹೊಸದು ತುಂಬಬೇಕು. ಮಳೆನೀರು ಸಿಕ್ಕರೆ ಅದಕ್ಕಿಂತ ಮೇಲಿಲ್ಲ. ಪಾಚಿಗೆ ಬೇಕಾದದ್ದು ಬಿಸಿಲು ಮತ್ತು ಗೊಬ್ಬರ. ಮಧ್ಯಾಹ್ನ ನೆರಳು ಬೀಳುವ ಜಾಗ ಆರಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಹಕ್ಕಿಗಳೂ ಜೇನುಗಳೂ ಈ ನೀರನ್ನೇ ಕುಡಿಯಲು ಬರುವುದರಿಂದ ಬ್ಲೀಚಾಗಲಿ ಮೈಲುತುತ್ತಾಗಲಿ ನಾನು ಹಾಕುವುದಿಲ್ಲ, ಬ್ರಷ್ಷಿನಲ್ಲಿ ಮೆಲ್ಲಗೆ ಎತ್ತುತ್ತೇನೆ.

ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಬೆಚ್ಚಗಿನ ವಾತಾವರಣದಲ್ಲಿ ಏಳರಿಂದ ಹತ್ತು ದಿನ ಸಾಕು, ಕಲ್ಲು ಮುಚ್ಚಿದ ಕತ್ತಲ ತೊಟ್ಟಿಯನ್ನೂ ಅವು ಹುಡುಕಿಕೊಂಡು ಬರುತ್ತವೆ. ಕಾರಂಜಿ ದಿನಾ ಕೆಲವು ಗಂಟೆ ಓಡುತ್ತಿರಬೇಕು, ಅನುಮಾನವಿದ್ದರೆ ಸೊಳ್ಳೆಯ ಮರಿಗಳನ್ನು ಕೊಲ್ಲುವ ಬ್ಯಾಕ್ಟೀರಿಯಾದಿಂದ ಮಾಡಿದ ಬಿಟಿಐ ಬಿಲ್ಲೆ ಹಾಕಬೇಕು. ಅದು ಹಕ್ಕಿಗೂ ಜೇನಿಗೂ ತೊಂದರೆ ಕೊಡದು. ಒಂದು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಜಾಡಿ, ತೊಟ್ಟಿ ಎರಡನ್ನೂ ಬರಿದು ಮಾಡಿ. ತೊಟ್ಟಿ ಖಾಲಿಯಿದ್ದಾಗ ತಳದ ಕೆಸರನ್ನೂ ತೆಗೆದು, ಪಂಪನ್ನು ತೊಳೆದು ಒಣಗಿಸಿ ಒಳಗಿಡಿ.