ಖಾಲಿ ಕುರ್ಚಿಯಿಂದ ಶುರು ಮಾಡಿದೆ: ಕಲ್ಪಿತ ದೇಶಕ್ಕೆ ಅಧ್ಯಕ್ಷರ ಇತಿಹಾಸ ಬರೆದ ನನ್ನ ಅನುಭವ

ಕಲ್ಪಿತ ದೇಶಕ್ಕೆ ಅಧ್ಯಕ್ಷರ ಇತಿಹಾಸ ಬರೆಯುವವರು ಅಧ್ಯಕ್ಷರಿಂದ ಶುರು ಮಾಡಬಾರದು. ಕುರ್ಚಿ ಖಾಲಿ ಬಿದ್ದ ದಿನಗಳಿಂದ ಶುರು ಮಾಡಬೇಕು. ನಾನು ಹೀಗೆ ಹೇಳಿದಾಗ, ಕಲ್ಪಿತ ದೇಶಗಳನ್ನು ಕಟ್ಟಿ ಅವುಗಳಲ್ಲಿ ಆಟ ಆಡುವ ನಮ್ಮ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. "ಮೊದಲು ಹತ್ತು ಜನ ಗಟ್ಟಿ ಮನುಷ್ಯರನ್ನು ತಂದು ನಿಲ್ಲಿಸಿ, ಮಿಕ್ಕಿದ್ದು ತಾನಾಗೇ ಬರುತ್ತೆ" ಅಂದರು. ಈಗ ಎರಡು ಗುಂಪುಗಳು ಅದೇ ದೇಶದಲ್ಲಿ ತಿಂಗಳುಗಟ್ಟಲೆ ಆಟ ಆಡಿವೆ. ಬೇಕಂತಲೇ ಅಡ್ಡ ಪ್ರಶ್ನೆ ಹಾಕಿ ಕೆಣಕಿವೆ. ಇತಿಹಾಸ ಎಲ್ಲೂ ಬಿರುಕು ಬಿಟ್ಟಿಲ್ಲ.

ದೇಶದ ಹೆಸರು ಹೇಳುವುದಿಲ್ಲ, ಆಟ ಇನ್ನೂ ನಡೆಯುತ್ತಿದೆ. ಸುಮಾರು 130 ವರ್ಷದ ಗಣರಾಜ್ಯ, ಇಪ್ಪತ್ತಕ್ಕೂ ಜಾಸ್ತಿ ಅಧ್ಯಕ್ಷರು ಅಂತ ಇಟ್ಟುಕೊಳ್ಳಿ. ನಕ್ಷೆ, ಭಾಷೆ, ಪಕ್ಷಗಳು ಇವೆಲ್ಲ ಎಲ್ಲರೂ ಮಾಡುವ ದಾರಿಯಲ್ಲೇ ಆದವು. ಅದನ್ನು ಬಿಡಿ.

ಮೊದಲು ಎಲ್ಲರ ಹಾಗೆ ಪಟ್ಟಿ ಮಾಡಿದ್ದೆ. ಹೆಸರು, ಪಕ್ಷ, ಬಂದ ವರ್ಷ, ಹೋದ ವರ್ಷ, ಎರಡು ಸಾಲು ಸಾಧನೆ. ಎಲ್ಲರೂ ಅವಧಿ ಮುಗಿಸಿ ಮನೆಗೆ ಹೋಗುತ್ತಿದ್ದರು. ಓದಿದವರು ಆರನೇ ಹೆಸರಿಗೇ ಆಕಳಿಸಿದರು. ನಿಜವಾದ ದೇಶಗಳಲ್ಲಿ ಲೆಕ್ಕ ಹೀಗೆ ನಯವಾಗಿ ಕೂಡಿ ಬರುವುದಿಲ್ಲ. ಅಮೆರಿಕದಲ್ಲಿ ಇದುವರೆಗೆ ಎಂಟು ಜನ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡಿದ್ದಾರೆ. ಒಬ್ಬರು, ನಿಕ್ಸನ್, 1974ರಲ್ಲಿ ರಾಜೀನಾಮೆ ಕೊಟ್ಟರು. ಅಂದರೆ ಹೆಚ್ಚುಕಮ್ಮಿ ಐದು ಜನರಲ್ಲಿ ಒಬ್ಬರು ಅರ್ಧದಲ್ಲೇ ಎದ್ದು ಹೋಗಿದ್ದಾರೆ. ಭಾರತದಲ್ಲೂ ಇಬ್ಬರು, ಜಾಕಿರ್ ಹುಸೇನ್ 1969ರಲ್ಲಿ, ಫಕ್ರುದ್ದೀನ್ ಅಲಿ ಅಹ್ಮದ್ 1977ರಲ್ಲಿ, ರಾಷ್ಟ್ರಪತಿಗಳಾಗಿದ್ದಾಗಲೇ ತೀರಿಕೊಂಡರು. ನನ್ನ ಪಟ್ಟಿಯಲ್ಲಿ ಒಬ್ಬರೂ ಇಲ್ಲ. ಅದು ಹೇಗೆ ನಂಬೋದು?

ಈ ಪಟ್ಟಿಯಲ್ಲೇ ದುಡ್ಡು ಜಾಸ್ತಿ ಹೋಯಿತು. ಒಬ್ಬ ಕಲಾವಿದರಿಗೆ ಎಲ್ಲ ಅಧ್ಯಕ್ಷರ ಭಾವಚಿತ್ರ ಬರೆಯಲು ಹೇಳಿ ಮುಂಗಡ ಕೊಟ್ಟಿದ್ದೆ. ಅರ್ಧ ತಿಂಗಳ ಸಂಬಳಕ್ಕಿಂತ ಮೇಲೆ. ಅವರು ಚೆನ್ನಾಗೇ ಬರೆದರು. ಮೂರನೇ ಅಧ್ಯಕ್ಷರ ಮೀಸೆ, ಒಂಬತ್ತನೆಯವರ ಒಂಟಿ ಕನ್ನಡಕ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಹೊಸ ದಾರಿ ಹಿಡಿದ ಮೇಲೆ ಆ ಚಿತ್ರಗಳಲ್ಲಿ ಮುಕ್ಕಾಲು ಪಾಲಿನ ಅಧ್ಯಕ್ಷರೇ ಉಳಿಯಲಿಲ್ಲ. ಅದಕ್ಕೇ ಹೇಳುವುದು, ಕುರ್ಚಿಯಲ್ಲಿ ಯಾರು ಯಾವಾಗ ಕೂತರು ಅನ್ನುವುದು ಗಟ್ಟಿಯಾಗುವ ತನಕ ಚಿತ್ರಕ್ಕೆ ಒಂದು ಕಾಸೂ ಬಿಚ್ಚಬೇಡಿ.

ಆಮೇಲೆ ದಾಳ ಹಾಕಿ ನೋಡಿದೆ. ಪ್ರತಿ ಅಧ್ಯಕ್ಷರಿಗೂ ಪ್ರತಿ ವರ್ಷ ಒಂದು ಸಲ. ಇಂತಿಷ್ಟು ಬಿದ್ದರೆ ಸಾವು, ಇಂತಿಷ್ಟಾದರೆ ಹಗರಣ. ಸಾವುಗಳೇನೋ ಸಿಕ್ಕವು. ಆದರೆ ಸತ್ತ ಮಾರನೇ ದಿನವೇ ಇನ್ನೊಬ್ಬರು ಬಂದು ಕೂರುತ್ತಿದ್ದರು, ದೇಶ ಏನೂ ಆಗದ ಹಾಗೆ ಮುಂದೆ ಹೋಗುತ್ತಿತ್ತು. ದಾಳ ಘಟನೆ ಕೊಡುತ್ತದೆ. ಆ ಘಟನೆ ಹಿಂದೆ ಬಿಟ್ಟು ಹೋಗುವ ಜಗಳವನ್ನು ಕೊಡುವುದಿಲ್ಲ.

ದಾರಿ ತೋರಿಸಿದ್ದು 1841. ಅಮೆರಿಕದ ಅಧ್ಯಕ್ಷ ವಿಲಿಯಂ ಹೆನ್ರಿ ಹ್ಯಾರಿಸನ್ ಪ್ರಮಾಣವಚನ ತೆಗೆದುಕೊಂಡು ಒಂದೇ ತಿಂಗಳಿಗೆ ತೀರಿಕೊಂಡರು. ಉಪಾಧ್ಯಕ್ಷ ಜಾನ್ ಟೈಲರ್ ಪೂರ್ತಿ ಅಧ್ಯಕ್ಷರಾ, ಅಥವಾ ಸುಮ್ನೆ ಕೆಲಸ ನೋಡಿಕೊಳ್ಳುವವರಾ ಅನ್ನುವುದನ್ನು ಸಂವಿಧಾನ ಸ್ಪಷ್ಟವಾಗಿ ಹೇಳಿರಲಿಲ್ಲ. ಟೈಲರ್ ತಾನೇ ಅಧ್ಯಕ್ಷ ಅಂತ ಪ್ರಮಾಣ ತೆಗೆದುಕೊಂಡು ಕೂತುಬಿಟ್ಟರು. 'ಹಂಗಾಮಿ ಅಧ್ಯಕ್ಷರಿಗೆ' ಅಂತ ವಿಳಾಸ ಬರೆದ ಕಾಗದಗಳನ್ನು ಒಡೆಯದೆ ವಾಪಸ್ ಕಳಿಸಿದರು. ಆ ಪದ್ಧತಿಯೇ ಮುಂದುವರಿಯಿತು. ಬರವಣಿಗೆಯಲ್ಲಿ ಕಾನೂನಾಗಿದ್ದು ಮಾತ್ರ 1967ರಲ್ಲಿ, 25ನೇ ತಿದ್ದುಪಡಿಯಿಂದ. ಒಂದು ತಿಂಗಳ ಅಧ್ಯಕ್ಷರೊಬ್ಬರು ಬಿಟ್ಟು ಹೋದ ಪ್ರಶ್ನೆ ನೂರಿಪ್ಪತ್ತೈದು ವರ್ಷ ಕಾಡಿತು. ಎರಡು ಅವಧಿ ನೆಮ್ಮದಿಯಾಗಿ ಆಳಿದ ಎಷ್ಟೋ ಜನ ಇಷ್ಟು ಗುರುತು ಬಿಟ್ಟಿಲ್ಲ.

ಆಗ ಪಟ್ಟಿಯನ್ನು ಪಕ್ಕಕ್ಕಿಟ್ಟು ಒಂದು ಖಾತೆ ತೆರೆದೆ. ಸ್ಪ್ರೆಡ್‌ಶೀಟ್‌ನಲ್ಲಿ ಆರು ಕಾಲಂ: ಕುರ್ಚಿ ಖಾಲಿಯಾದ ದಿನ, ಕಾರಣ, ಆ ಹೊತ್ತಿಗೆ ಬಂದು ಕೂತವರ ಹುದ್ದೆ, ಯಾವ ನಿಯಮದ ಮೇಲೆ ಕೂತರು, ಯಾರು ತಕರಾರು ಮಾಡಿದರು, ಆಮೇಲೆ ಯಾವ ಕಾನೂನು ಬಂತು. ಅಧ್ಯಕ್ಷರ ಹೆಸರಿಗೆ ಕಾಲಂ ಇಲ್ಲ. ಖಾತೆ ತುಂಬಿದ ಮೇಲೆ ಎರಡು ಖಾಲಿ ದಿನಗಳ ನಡುವೆ ಯಾರು ಕೂತಿರಬಹುದು ಅಂತ ಯೋಚಿಸಿ ಮನುಷ್ಯರನ್ನು ತಂದೆ.

ಒಂದು ಸಾಲು ತೋರಿಸುತ್ತೇನೆ. ನಾಲ್ಕನೇ ಅಧ್ಯಕ್ಷರು ಮಳೆಗಾಲದಲ್ಲಿ ಗಡಿ ಜಿಲ್ಲೆಗೆ ಹೋದವರು ಜ್ವರದಿಂದ ತೀರಿಕೊಳ್ಳುತ್ತಾರೆ. ಸೇತುವೆ ಕೊಚ್ಚಿ ಹೋಗಿದೆ, ಸುದ್ದಿ ರಾಜಧಾನಿಗೆ ಮುಟ್ಟಲು ಒಂಬತ್ತು ದಿನ. ಆ ಒಂಬತ್ತು ದಿನ ಅವರ ಹೆಸರಿನಲ್ಲೇ ಆದೇಶ ಹೊರಡುತ್ತಿದೆ, ಮೊಹರು ಕಚೇರಿಯ ಗುಮಾಸ್ತರ ಮೇಜಿನ ಖಾನೆಯಲ್ಲಿದೆ. ಹಾಗಾದರೆ ಸತ್ತವರ ಹೆಸರಿನಲ್ಲಿ ಹೊರಟ ಆದೇಶಗಳು ಊರ್ಜಿತವಾ? ಅದರಲ್ಲೊಂದು ಆದೇಶ ಒಬ್ಬ ಕೈದಿಯ ಗಲ್ಲು ಶಿಕ್ಷೆ ತಪ್ಪಿಸಿದೆ, ಇನ್ನೊಂದು ರೈಲು ಹಾದಿಯ ಗುತ್ತಿಗೆ ಕೊಟ್ಟಿದೆ. ಕೈದಿಯನ್ನು ಬಿಟ್ಟು ಗುತ್ತಿಗೆ ಮಾತ್ರ ರದ್ದು ಮಾಡಲು ಬರುತ್ತಾ? ಬರೀ ಇದೊಂದೇ ಸಾಲಿನಿಂದ ನ್ಯಾಯಾಲಯದ ಒಂದು ತೀರ್ಪು ಹುಟ್ಟಿತು. ಮೊಹರಿನ ಕಾಯ್ದೆ ಬಂತು, ಗುತ್ತಿಗೆದಾರರ ಪಕ್ಷವೊಂದು ಕಟ್ಟಿಕೊಂಡಿತು, ಆರನೇ ಅಧ್ಯಕ್ಷರೂ ಅಲ್ಲಿಂದಲೇ ಬಂದರು. ಸತ್ತವರು ಎಂಥವರು ಅಂತ ನಾನು ಯೋಚಿಸಿದ್ದು ಇಷ್ಟೆಲ್ಲ ಆದ ಮೇಲೆ.

ಖಾತೆ ತುಂಬಲು ನಿಜವಾದ ಇತಿಹಾಸ ಓದಿದಷ್ಟೂ ಒಳ್ಳೆಯದು, ಆದರೆ ಘಟನೆಯನ್ನು ಹಾಗೇ ಎತ್ತಿಕೊಂಡು ಬರಬೇಡಿ. ಅದರ ಹಿಂದಿನ ಬಿಕ್ಕಟ್ಟನ್ನು ಮಾತ್ರ ತೆಗೆದುಕೊಳ್ಳಿ. ಭಾರತದ 1969ನ್ನೇ ನೋಡಿ. ಜಾಕಿರ್ ಹುಸೇನ್ ಮೇ ತಿಂಗಳಲ್ಲಿ ತೀರಿಕೊಂಡರು, ಉಪರಾಷ್ಟ್ರಪತಿ ವಿ. ವಿ. ಗಿರಿ ಹಂಗಾಮಿಯಾದರು. ಆಮೇಲೆ ತಾವೇ ಚುನಾವಣೆಗೆ ನಿಲ್ಲಲು ರಾಜೀನಾಮೆ ಕೊಟ್ಟರು. ಎರಡೂ ಕುರ್ಚಿ ಖಾಲಿ! ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಒಂದು ತಿಂಗಳ ಮೇಲೆ ಆ ಕೆಲಸ ನೋಡಿಕೊಂಡರು. ಅದಕ್ಕೆ ಬೇಕಾದ ಕಾಯ್ದೆಯನ್ನು ಸಂಸತ್ತು ಅದೇ ವರ್ಷ ಮಾಡಿತ್ತು. ಮೆಕ್ಸಿಕೋದ್ದು ಇದಕ್ಕೆ ಪೂರ್ತಿ ಉಲ್ಟಾ. 1913ರಲ್ಲಿ ಅಧ್ಯಕ್ಷ ಮಡೇರೊ, ಉಪಾಧ್ಯಕ್ಷ ಇಬ್ಬರಿಂದಲೂ ದಂಗೆ ಎದ್ದ ಸೇನೆಯವರು ಬಲವಂತವಾಗಿ ರಾಜೀನಾಮೆ ಪಡೆದರು. ಸಾಲಿನಲ್ಲಿ ಮುಂದಿದ್ದ ವಿದೇಶಾಂಗ ಮಂತ್ರಿ ಲಸ್ಕುರಾಯಿನ್ ಒಂದು ಗಂಟೆಗೂ ಕಡಿಮೆ ಹೊತ್ತು ಅಧ್ಯಕ್ಷರಾದರು. ದಂಡನಾಯಕ ಹುಯೆರ್ಟಾನನ್ನು ಮಂತ್ರಿ ಮಾಡಿ ತಾವೂ ಇಳಿದರು. ಈಗ ಸಾಲಿನಲ್ಲಿ ಮುಂದಿದ್ದ ಹುಯೆರ್ಟಾ ಅಧ್ಯಕ್ಷನಾದ. ಬಂದೂಕಿನ ಕೆಲಸವನ್ನು ನಿಯಮ ಪುಸ್ತಕದ ಕೈಯಲ್ಲೇ ಮಾಡಿಸಿದರು. ನನ್ನ ಹದಿಮೂರನೇ ಅಧ್ಯಕ್ಷರ ಕಥೆಗೆ ಈ ಬಿಕ್ಕಟ್ಟೇ ಬೀಜ, ಆದರೆ ಅಲ್ಲಿ ಮಂತ್ರಿ ಇಳಿಯಲು ಒಪ್ಪುವುದಿಲ್ಲ.

ಅವಧಿ ಎಷ್ಟು ವರ್ಷ ಅನ್ನುವುದನ್ನೂ ಹೀಗೇ ಹುಟ್ಟಿಸಬೇಕು. ನಾಲ್ಕೋ ಐದೋ ಅಂತ ಸುಮ್ನೆ ಇಟ್ಟುಬಿಡುತ್ತೇವೆ ಅಲ್ವಾ? ಫ್ರಾನ್ಸ್‌ನಲ್ಲಿ ಏಳು ವರ್ಷದ ಅವಧಿ ಬಂದದ್ದು 1873ರಲ್ಲಿ. ಅಲ್ಲಿನ ರಾಷ್ಟ್ರೀಯ ಸಭೆಯಲ್ಲಿ ರಾಜನೇ ಬೇಕು ಅನ್ನುವವರ ಬಹುಮತ ಇತ್ತು. ಸಿಂಹಾಸನಕ್ಕೆ ತಕ್ಕವರು ಒದಗಿ ಬರುವ ತನಕ ಕಾಲ ತಳ್ಳಲು ಅಧ್ಯಕ್ಷ ಮಾರ್ಷಲ್ ಮಕ್‌ಮಹೋನ್‌ಗೆ ಏಳು ವರ್ಷ ಕೊಟ್ಟರು. ರಾಜ ಬರಲೇ ಇಲ್ಲ, ಏಳು ವರ್ಷ ಮಾತ್ರ ಉಳಿಯಿತು. ಅದು ಐದಕ್ಕೆ ಇಳಿದದ್ದು 2000ದ ಜನಮತಗಣನೆಯಲ್ಲಿ. ಇದನ್ನು ಓದಿದ ಮೇಲೆ ನನ್ನ ದೇಶದ ಅವಧಿಯನ್ನು ಕಿತ್ತು ಹಾಕಿ ಮತ್ತೆ ಬರೆದೆ. ಈಗ ಅಲ್ಲಿ ಐದೂವರೆ ವರ್ಷ. ಆ ಅರ್ಧ ವರ್ಷ ಯಾಕೆ ಅಂತ ಆಟಗಾರರು ಕೇಳದ ದಿನವಿಲ್ಲ. ಕೇಳಲಿ. ಉತ್ತರ ಖಾತೆಯ ಎರಡನೇ ಸಾಲಿನಲ್ಲಿದೆ.

ಮರು ಆಯ್ಕೆಯ ನಿಷೇಧವೂ ಅಷ್ಟೇ. ಮೆಕ್ಸಿಕೋದಲ್ಲಿ 1917ರ ಸಂವಿಧಾನ ಮರು ಆಯ್ಕೆಯನ್ನು ತಡೆದಿತ್ತು. ಮಾಜಿ ಅಧ್ಯಕ್ಷ ಒಬ್ರೆಗೊನ್‌ಗಾಗಿ ಅದನ್ನು ಸಡಿಲ ಮಾಡಿದರು. ಅವರು ಗೆದ್ದರು, ಅಧಿಕಾರ ಹಿಡಿಯುವ ಮೊದಲೇ 1928ರಲ್ಲಿ ಕೊಲೆಯಾದರು. ಕೆಲವೇ ವರ್ಷದಲ್ಲಿ ನಿಷೇಧ ಇನ್ನೂ ಬಿಗಿಯಾಗಿ ವಾಪಸ್ ಬಂತು. ಅಮೆರಿಕದಲ್ಲಿ ರೂಸ್‌ವೆಲ್ಟ್ ನಾಲ್ಕು ಸಲ ಗೆದ್ದ ಮೇಲೆ 1951ರಲ್ಲಿ 22ನೇ ತಿದ್ದುಪಡಿ ಬಂತು, ಎರಡು ಸಲಕ್ಕಿಂತ ಹೆಚ್ಚು ಆಯ್ಕೆಯಾಗುವಂತಿಲ್ಲ ಅಂತ. ಪ್ರತಿ ನಿಯಮವೂ ಯಾವುದೋ ಹಳೇ ಗಾಯದ ಗುರುತು. ಗಾಯ ಇಲ್ಲದ ನಿಯಮ ಕಂಡರೆ ನಾನು ಅಳಿಸಿ ಹಾಕುತ್ತೇನೆ.

ದೇಶದ ಒಳಗಿನ ದುಡ್ಡಿನ ವಿಷಯವನ್ನು ನಮ್ಮವರು ಯಾರೂ ಮುಟ್ಟುವುದಿಲ್ಲ. ನನಗೆ ಅತಿ ಹೆಚ್ಚು ಲಾಭ ಕೊಟ್ಟಿದ್ದು ಅದೇ. ಅಮೆರಿಕದ ಅಧ್ಯಕ್ಷರ ಸಂಬಳ 1789ರಲ್ಲಿ ವರ್ಷಕ್ಕೆ 25,000 ಡಾಲರ್. 1873ರ ತನಕ ಅದು ಏರಲೇ ಇಲ್ಲ. ಅವಧಿಯ ನಡುವೆ ಅಧ್ಯಕ್ಷರ ಸಂಬಳ ಏರಿಸುವಂತೆಯೂ ಇಲ್ಲ, ಇಳಿಸುವಂತೆಯೂ ಇಲ್ಲ. ನಿವೃತ್ತ ಅಧ್ಯಕ್ಷರಿಗೆ ಪಿಂಚಣಿ ಕಾನೂನು ಬಂದದ್ದು 1958ರಲ್ಲಿ. ಭಾರತದ ಸಂವಿಧಾನ ರಾಷ್ಟ್ರಪತಿಗಳಿಗೆ ತಿಂಗಳಿಗೆ 10,000 ರೂಪಾಯಿ ಅಂತ ಬರೆದಿಟ್ಟಿತ್ತು. ಇದನ್ನೆಲ್ಲ ನೋಡಿ ನನ್ನ ದೇಶಕ್ಕೂ ಒಂದು ಬಜೆಟ್ ಸಾಲು ಇಟ್ಟೆ: ಹಾಲಿ ಅಧ್ಯಕ್ಷರು, ಮಾಜಿಗಳು, ವಿಧವೆಯರು. ಯಾವ ವರ್ಷ ಎಷ್ಟು ಮಾಜಿಗಳು ಬದುಕಿದ್ದರು ಅನ್ನುವುದು ಒಂದೇ ನೋಟಕ್ಕೆ ಸಿಗುತ್ತದೆ. ಒಂದು ವರ್ಷ ಐದು ಜನ ಮಾಜಿಗಳು ಒಟ್ಟಿಗೆ ಬದುಕಿದ್ದರು, ಖಜಾನೆಯಲ್ಲಿ ದುಡ್ಡಿಲ್ಲ. ಆ ವರ್ಷದ ರಾಜಕೀಯ ತಾನಾಗೇ ಬರೆಸಿಕೊಂಡಿತು. ಈ ಸಾಲಿನಲ್ಲಿ ವರ್ಷಗಳನ್ನು ಹೊಂದಿಸುವ ಒಂದು ಉಪಾಯವಿದೆ. ಅದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಒಂದು ಪ್ರಯೋಗಕ್ಕೂ ಕೈ ಹಾಕಿದೆ. ದೇಶದ ಉತ್ತರ ಭಾಗ ಒಂದಷ್ಟು ವರ್ಷ ಬೇರೆಯಾಗಿತ್ತು ಅಂತ ಇಟ್ಟು ಅಲ್ಲಿಗೆ ಸ್ವಿಟ್ಜರ್ಲೆಂಡ್ ಮಾದರಿ ಕೊಟ್ಟೆ. ಏಳು ಜನರ ಮಂಡಳಿ, ಅದರಲ್ಲೊಬ್ಬರು ಒಂದು ವರ್ಷಕ್ಕೆ ಅಧ್ಯಕ್ಷರು. ಚೆನ್ನಾಗೇ ಓಡಿತು, ಆದರೆ ಖಾತೆಗೆ ಏನೂ ದಕ್ಕಲಿಲ್ಲ. ಒಬ್ಬರು ಹೋದರೆ ಆರು ಜನ ಇದ್ದೇ ಇರುತ್ತಾರಲ್ಲ, ಜಗಳಕ್ಕೆ ಜಾಗವೇ ಇಲ್ಲ. ಕಥೆ ಬೇಕಿದ್ದರೆ ಆ ಮಾದರಿ ಬೇಡ. ಅದರ ಬದಲು ಎರಡನೇ ಪ್ರಾಶಸ್ತ್ಯದ ಮತ, ಅಂದರೆ ಮತದಾರರು ಮೊದಲ ಆಯ್ಕೆಯ ಜೊತೆ ಎರಡನೇ ಆಯ್ಕೆಯನ್ನೂ ಗುರುತಿಸುವ ಪದ್ಧತಿ, ತಂದು ನೋಡಿ. 1969ರಲ್ಲಿ ಗಿರಿ ಮೊದಲ ಎಣಿಕೆಯಲ್ಲಿ ಮುಂದಿದ್ದರೂ ಗೆಲುವಿನ ಗಡಿ ಮುಟ್ಟಿರಲಿಲ್ಲ. ಎರಡನೇ ಪ್ರಾಶಸ್ತ್ಯದ ಮತ ಎಣಿಸಿದ ಮೇಲೆ ಗೆದ್ದರು. ನನ್ನ ಹನ್ನೊಂದನೇ ಅಧ್ಯಕ್ಷರನ್ನು ಹೀಗೇ ಗೆಲ್ಲಿಸಿದೆ. ಅರ್ಧಕ್ಕಿಂತ ಹೆಚ್ಚು ಜನರಿಗೆ ಮೊದಲ ಆಯ್ಕೆಯಲ್ಲದವರು ಆಳಿದ ಐದೂವರೆ ವರ್ಷವೇ ಆಟಗಾರರಿಗೆ ಅಚ್ಚುಮೆಚ್ಚು.

ಲೆಕ್ಕ ಇಡುವವರಿಗೆ ಒಂದು ಮಾತು. ಒಬ್ಬರೇ ಬಿಟ್ಟು ಬಿಟ್ಟು ಎರಡು ಸಲ ಬಂದರೆ ಎರಡು ಸಂಖ್ಯೆ ಕೊಡಬೇಕಾ, ಒಂದಾ, ಮೊದಲೇ ತೀರ್ಮಾನ ಮಾಡಿಕೊಳ್ಳಿ. ಕ್ಲೀವ್‌ಲ್ಯಾಂಡ್ ಅಮೆರಿಕದ 22ನೆಯ ಅಧ್ಯಕ್ಷರೂ ಹೌದು, 24ನೆಯವರೂ ಹೌದು. ಮಧ್ಯದಲ್ಲಿ ಬದಲಿಸಲು ಹೋದರೆ ಎಲ್ಲ ದಾಖಲೆಯನ್ನೂ ತಿದ್ದಬೇಕಾಗುತ್ತದೆ.

ನನ್ನನ್ನು ಎಲ್ಲರಿಗಿಂತ ಜಾಸ್ತಿ ವಿರೋಧಿಸಿದ್ದ ಗೆಳೆಯರು ಒಂದು ಸಂಜೆ ಖಾತೆ ತೆಗೆದುಕೊಂಡು ಕೂತರು. ಯಾವುದಾದರೂ ಒಂದು ದಿನಾಂಕ ಹೇಳುವುದು, ಅವತ್ತು ಸೇನೆಗೆ ಆಜ್ಞೆ ಕೊಡುವ ಅಧಿಕಾರ ಯಾರಿಗಿತ್ತು ಅಂತ ಕೇಳುವುದು. ಮಧ್ಯರಾತ್ರಿ ಮೀರಿತು. ಒಂದು ದಿನಾಂಕವೂ ಉತ್ತರವಿಲ್ಲದೆ ಹೋಗಲಿಲ್ಲ. ಮಾರನೇ ವಾರ ಅವರೇ ತಮ್ಮ ದ್ವೀಪ ರಾಜ್ಯಕ್ಕೆ ಇಂಥದ್ದೊಂದು ಖಾತೆ ತೆರೆದರು. ಆಮೇಲೆ ನಾನು ದಾಖಲೆಗಳನ್ನೆಲ್ಲ ಜೋಡಿಸಿ ಸಣ್ಣ ಪುಸ್ತಿಕೆ ಮಾಡಿ ಮಾರಿದೆ. ಚಿತ್ರ, ನಕ್ಷೆ, ಮುದ್ರಣಕ್ಕೆ ಹಾಕಿದ್ದೆಲ್ಲ ವಾಪಸ್ ಬಂತು, ಮೇಲೆ ಒಂದಿಷ್ಟು ಉಳಿಯಿತು. ಅದೇ ಕಲಾವಿದರಿಗೆ ಮತ್ತೆ ಕೆಲಸ ಕೊಟ್ಟಿದ್ದೇನೆ. ಈ ಸಲ ಹಂಗಾಮಿಗಳ ಚಿತ್ರ ಮೊದಲು.

ಸದ್ಯ ಉಪಾಧ್ಯಕ್ಷರ ಕುರ್ಚಿಗೆ ಬೇರೆ ಖಾತೆ ಬರೆಯುತ್ತಿದ್ದೇನೆ. ಅಮೆರಿಕದಲ್ಲಿ 1967ಕ್ಕೆ ಮೊದಲು ಆ ಜಾಗ ಖಾಲಿಯಾದರೆ ಮುಂದಿನ ಚುನಾವಣೆ ತನಕ ತುಂಬುವ ದಾರಿಯೇ ಇರಲಿಲ್ಲ. ನನ್ನ ದೇಶದಲ್ಲೂ ಅದೇ ನಿಯಮ ಇಟ್ಟಿದ್ದೇನೆ. ಎರಡೂ ಖಾತೆ ಪಕ್ಕಪಕ್ಕ ಇಟ್ಟಾಗ ಹದಿನೇಳನೇ ಅಧ್ಯಕ್ಷರ ಕಾಲದಲ್ಲಿ ಹನ್ನೊಂದು ದಿನ ಎರಡು ಕುರ್ಚಿಯೂ ಖಾಲಿ ಬರುತ್ತಿದೆ. ಅದನ್ನು ಮುಚ್ಚಿ ಹಾಕಿಲ್ಲ. ಮುಂದಿನ ಆಟ ಆ ಹನ್ನೊಂದು ದಿನದಲ್ಲೇ ನಡೆಯುತ್ತದೆ.