ಹೊಳೆ ಮೀನಿಗೆ ಮನೆಯಲ್ಲೇ ಮಸಾಲೆ ಪುಡಿ

ಅಂಗಡಿಯಿಂದ ತಂದ ಮೀನಿನ ಮಸಾಲೆ ಪ್ಯಾಕೆಟ್ಟಿನ ಹಿಂಬದಿ ಓದಿ ನೋಡಿ. ಹೆಚ್ಚಾಗಿ ಬಂಗುಡೆ, ಅಂಜಲ್, ತೆಂಗಿನಹಾಲು ಅಂತಲೇ ಇರುತ್ತದೆ. ನಮ್ಮ ಕಡೆ ಸಂತೆಗೆ ಬರುವ ಮೀನು ಬೇರೆ. ಕಲಬುರಗಿಗೆ ಭೀಮೆಯ ಮೀನು, ಬೆಣ್ಣೆತೊರಾ ಜಲಾಶಯದ ಮೀನು ಬರುತ್ತದೆ. ಬೀದರ್ ಜಿಲ್ಲೆಗೆ ಕಾರಂಜಾ ಇದೆ. ಯಾದಗಿರಿಯವರಿಗೆ ಭೀಮೆಯ ಜೊತೆಗೆ ನಾರಾಯಣಪುರದ ಬಸವಸಾಗರವೂ ಇದೆ. ರೋಹು, ಕಾಟ್ಲಾ, ಮೃಗಾಲ, ಮರಲ್, ಜಿಲೇಬಿ, ಎಲ್ಲವೂ ಸಿಹಿನೀರಿನ ಮೀನು. ಇವಕ್ಕೆ ಕಡಲ ಮೀನಿನ ಮಸಾಲೆ ಹಾಕಿದರೆ ತಿನ್ನಲು ಅಡ್ಡಿಯಿಲ್ಲ. ಆದರೆ ಮೀನಿನ ಮಣ್ಣುವಾಸನೆ ಹಾಗೇ ಉಳಿಯುತ್ತದೆ, ಮಸಾಲೆ ಒಂದು ಕಡೆ, ಮೀನು ಒಂದು ಕಡೆ ಆಗುತ್ತದೆ.

ಹಾಗಾದರೆ ಬೇಸಿಗೆಯಲ್ಲಿ ಕುಟ್ಟಿಸಿಟ್ಟ ಮಸಾಲೆ ಖಾರವೇ ಇದೆಯಲ್ಲ, ಅದನ್ನೇ ಹಾಕಿದರೆ ಸಾಲದೇ ಎಂದು ಕೇಳಬಹುದು. ಆ ಖಾರ ಬದನೆಕಾಯಿಗೆ, ಮಟನ್‌ಗೆ ಬಹಳ ಚೆಂದ. ಅದರಲ್ಲಿ ಲವಂಗ, ಚಕ್ಕೆ, ಒಣ ಕೊಬ್ಬರಿ, ಹುರಿದ ಉಳ್ಳಾಗಡ್ಡಿ ಎಲ್ಲ ಇರುತ್ತದೆ. ಮಟನ್ ಗಂಟೆಗಟ್ಟಲೆ ಬೇಯುತ್ತದೆ, ಅಷ್ಟು ಹೊತ್ತಿನಲ್ಲಿ ಎಂಥ ಗಟ್ಟಿ ಮಸಾಲೆಯೂ ಹೊಂದಿಕೊಳ್ಳುತ್ತದೆ. ಮೀನು ಹಾಗಲ್ಲ, ಎಂಟು ಹತ್ತು ನಿಮಿಷಕ್ಕೇ ಬೆಂದುಬಿಡುತ್ತದೆ. ಅಷ್ಟರಲ್ಲಿ ಲವಂಗದ ಘಾಟು ಇಳಿಯುವುದಿಲ್ಲ, ಸರಿಯಾಗಿ ಹುರಿಯದ ಧನಿಯಾದ ಹಸಿವಾಸನೆಯೂ ಹೋಗುವುದಿಲ್ಲ. ಆದ್ದರಿಂದ ಮೀನಿನ ಪುಡಿಯಲ್ಲಿ ಎರಡು ಮಾತು ಮುಖ್ಯ. ಗರಂ ಮಸಾಲೆ ಸಾಮಾನು ತೀರ ಕಡಿಮೆ ಇರಬೇಕು. ಹಾಕಿದ್ದೆಲ್ಲ ಮೊದಲೇ ಚೆನ್ನಾಗಿ ಹುರಿದಿರಬೇಕು.

ಮಣ್ಣುವಾಸನೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೆರೆ, ಜಲಾಶಯದ ನೀರಿನಲ್ಲಿ ಬೆಳೆಯುವ ಕೆಲವು ಸೂಕ್ಷ್ಮಜೀವಿಗಳು ಜಿಯೋಸ್ಮಿನ್ ಎಂಬ ವಸ್ತುವನ್ನು ಬಿಡುತ್ತವೆ. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ವಾಸನೆಯಲ್ಲಿ ಇರುವುದೂ ಇದೇ. ಮಳೆಯಲ್ಲಿ ಹಿತ, ಮೀನಿನಲ್ಲಿ ಬೇಡ. ಇದು ಮೀನಿನ ಚರ್ಮದಲ್ಲಿ, ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ. ಬರೀ ನೀರಿನಲ್ಲಿ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಹುಳಿ ತಾಗಿದರೆ ಕಡಿಮೆಯಾಗುತ್ತದೆ. ಉಳಿದದ್ದನ್ನು ಮೆಂತ್ಯ, ಓಮ, ಸಾಸಿವೆ, ಬಳ್ಳೊಳ್ಳಿ ಮುಚ್ಚುತ್ತವೆ. ಕೆಳಗಿನ ಪುಡಿಯಲ್ಲಿ ಮೆಂತ್ಯ ಮತ್ತು ಓಮ ಇರುವುದು ಇದಕ್ಕೇ. ಇವೆರಡನ್ನು ಬಿಟ್ಟು ಮಾಡಿದರೆ ಅದು ಸುಮ್ನೆ ಸಾರಿನ ಪುಡಿ ಆಗುತ್ತದೆ.

ಬೇಕಾಗುವ ಸಾಮಾನು

ಈ ಅಳತೆಗೆ ಸುಮಾರು 250 ಗ್ರಾಂ ಪುಡಿ ಬರುತ್ತದೆ. ಕಿಲೋ ಮೀನಿನ ಲೆಕ್ಕದಲ್ಲಿ ಹತ್ತು ಸಲದ ಅಡುಗೆಗೆ ಸಾಕು.

ಧನಿಯಾ – 100 ಗ್ರಾಂ
ಬ್ಯಾಡಗಿ ಮೆಣಸಿನಕಾಯಿ – 75 ಗ್ರಾಂ (ತೊಟ್ಟು ತೆಗೆದ ಮೇಲೆ)
ಗುಂಟೂರು ಮೆಣಸಿನಕಾಯಿ – 25 ಗ್ರಾಂ
ಜೀರಿಗೆ – 20 ಗ್ರಾಂ
ಕರಿಮೆಣಸು – 10 ಗ್ರಾಂ
ಸಾಸಿವೆ – 1 ದೊಡ್ಡ ಚಮಚ
ಮೆಂತ್ಯ – 2 ಸಣ್ಣ ಚಮಚ, ತಲೆ ಸವರಿದ ಅಳತೆ
ಓಮ – 2 ಸಣ್ಣ ಚಮಚ
ಅರಿಶಿಣ ಪುಡಿ – 1 ದೊಡ್ಡ ಚಮಚ
ಲವಂಗ – 4
ಚಕ್ಕೆ – ಬೆರಳಿನ ಒಂದು ಗೆಣ್ಣಿನಷ್ಟು
ಕರಿಬೇವು – ಒಂದು ಹಿಡಿ, ನೆರಳಲ್ಲಿ ಒಣಗಿಸಿದ್ದು

ಇದರಲ್ಲಿ ಉಪ್ಪು ಇಲ್ಲ. ಉಪ್ಪು ಗಾಳಿಯ ತೇವ ಎಳೆದುಕೊಂಡು ಪುಡಿಯನ್ನು ಗಂಟು ಕಟ್ಟಿಸುತ್ತದೆ. ಒಣ ಕೊಬ್ಬರಿಯೂ ಇಲ್ಲ. ಅದರ ಎಣ್ಣೆ ಬೇಗ ಕಮಟು ಹಿಡಿಯುತ್ತದೆ, ಜೊತೆಗೆ ಇಡೀ ಡಬ್ಬಿಯನ್ನು ಕೆಡಿಸುತ್ತದೆ. ಬೇಕೆನಿಸಿದರೆ ಅಡುಗೆ ಮಾಡುವಾಗ ಆಗಿನದಾಗಲೇ ಹುರಿದು ಅರೆದು ಹಾಕಿ. ಬಳ್ಳೊಳ್ಳಿಯೂ ಹಾಗೇ, ಹಸಿಯದೇ ಬೇಕು, ಅಡುಗೆ ಹೊತ್ತಿಗೇ ಜಜ್ಜಬೇಕು.

ಮೆಣಸಿನಕಾಯಿ ಆರಿಸುವುದು

ಎರಡು ಬಗೆ ಮೆಣಸಿನಕಾಯಿ ಯಾಕೆ? ಬ್ಯಾಡಗಿ ಬಣ್ಣ ಕೊಡುತ್ತದೆ, ಗುಂಟೂರು ಖಾರ ಕೊಡುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅದರ ಗುರುತು ಸುಲಭ. ಉದ್ದ, ತೆಳು, ಮೈಯೆಲ್ಲ ಸುಕ್ಕು, ಕಡುಗೆಂಪು. ಅದರ ಬಣ್ಣ ಎಣ್ಣೆಯಲ್ಲಿ ಚೆನ್ನಾಗಿ ಬಿಡುತ್ತದೆ, ಅದಕ್ಕೇ ಸಾರಿನ ಮೇಲೆ ಕೆಂಪು ಎಣ್ಣೆ ತೇಲುತ್ತದೆ. ನಮ್ಮ ಭಾಗದಲ್ಲಿ ಖಾರ ಜಾಸ್ತಿ ತಿನ್ನುವವರೇ ಹೆಚ್ಚು, ಆದರೂ ಮೀನಿಗೆ ಗುಂಟೂರನ್ನು ಕಾಲು ಭಾಗಕ್ಕಿಂತ ಏರಿಸಬೇಡಿ. ರೋಹು, ಕಾಟ್ಲಾದ ರುಚಿ ಮೆದು. ಖಾರ ಮೀರಿದರೆ ನಾಲಿಗೆಗೆ ಮೀನು ಸಿಗುವುದೇ ಇಲ್ಲ. ಹೆಚ್ಚು ಖಾರ ಬೇಕಾದವರು ಸಾರಿಗೆ ಎರಡು ಹಸಿಮೆಣಸಿನಕಾಯಿ ಸೀಳಿ ಹಾಕಿಕೊಳ್ಳಬಹುದು.

ಈ ಪುಡಿ ಮಾಡಲು ಏಪ್ರಿಲ್, ಮೇ ತಿಂಗಳು ಒಳ್ಳೆಯದು. 40 ಡಿಗ್ರಿ ದಾಟುವ ನಮ್ಮ ಬಿಸಿಲನ್ನು ಎಲ್ಲರೂ ಬೈಯುತ್ತಾರೆ, ಆದರೆ ಮಸಾಲೆ ಸಾಮಾನು ಒಣಗಿಸಲು ಅಂಥ ಬಿಸಿಲು ಬೇರೆ ಕಡೆ ಹುಡುಕಿದರೂ ಸಿಗದು. ಮಾಳಿಗೆ ಮೇಲೆ ಹಳೆಯ ಬಿಳಿ ಬಟ್ಟೆ ಹಾಸಿ, ಮೆಣಸಿನಕಾಯಿ, ಧನಿಯಾ, ಮೆಂತ್ಯ ಹರಡಿ. ಎರಡು ಬಿಸಿಲು ಕಂಡರೆ ಸಾಕು. ಮುರಿದರೆ ಮೆಣಸಿನಕಾಯಿ ಪಟ್ ಎನ್ನಬೇಕು. ಬಾಗಿದರೆ ಇನ್ನೂ ತೇವ ಇದೆ ಎಂದೇ ಅರ್ಥ. ಸಂಜೆ ತಂಪು ಬೀಳುವ ಮೊದಲೇ ಒಳಗೆ ತನ್ನಿ. ಒಳಗೆ ಬೂಷ್ಟು ಹಿಡಿದ ಕಾಯಿ ಕಂಡರೆ, ಒಂದೇ ಇದ್ದರೂ ಎಸೆಯಿರಿ.

ಕಾಲವೂ ಹೊಂದುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆ 61 ದಿನ ಐಸ್ ಪೆಟ್ಟಿಗೆಯಲ್ಲಿ ಬರುವ ಕಡಲ ಮೀನು ಕಡಿಮೆ. ಜೂನ್ ಮೊದಲ ವಾರದ ಹೊತ್ತಿಗೆ ಮೃಗಶಿರ ಮಳೆ ಕೂಡುತ್ತದೆ, ಪಕ್ಕದ ತೆಲಂಗಾಣದಲ್ಲಂತೂ ಅಂದು ಮೀನು ತಿನ್ನಲೇಬೇಕೆಂಬ ರೂಢಿ ಇದೆ. ಮೇ ಕೊನೆಗೆ ಪುಡಿ ಡಬ್ಬಿಗೆ ಸೇರಿದ್ದರೆ ಅಷ್ಟೊತ್ತಿಗೆ ಹದವಾಗಿರುತ್ತದೆ.

ಹುರಿಯುವುದು

ಇಲ್ಲಿ ಅವಸರ ಮಾಡಿದರೆ ಮುಂದಿನ ಯಾವ ಕೆಲಸವೂ ಅದನ್ನು ಸರಿಮಾಡುವುದಿಲ್ಲ. ದಪ್ಪ ತಳದ ಬಾಣಲೆ, ಸಣ್ಣ ಉರಿ. ಎಲ್ಲವನ್ನೂ ಒಟ್ಟಿಗೆ ಸುರಿದು ಹುರಿಯಬಾರದು. ಧನಿಯಾ ಬಿಸಿಯಾಗುವ ಮೊದಲೇ ಜೀರಿಗೆ ಸುಟ್ಟಿರುತ್ತದೆ.

ಮೊದಲು ಧನಿಯಾ. ನಾಲ್ಕೈದು ನಿಮಿಷ ಕೈ ಬಿಡದೆ ಆಡಿಸಿ. ಬಣ್ಣ ಒಂದು ಛಾಯೆ ಏರಿ, ಘಮ ಪಕ್ಕದ ಕೋಣೆಗೂ ಹೋದರೆ ಆಯಿತು. ತೆಗೆದು ಅಗಲ ತಟ್ಟೆಗೆ ಹರಡಿ. ಬಾಣಲೆಯಲ್ಲೇ ಬಿಟ್ಟರೆ ಉರಿ ಆರಿಸಿದ ಮೇಲೂ ಹುರಿಯುತ್ತಲೇ ಇರುತ್ತದೆ.

ಆಮೇಲೆ ಮೆಂತ್ಯ, ಒಂದನ್ನೇ. ಹಳದಿ ಕಾಳು ಬಾದಾಮಿ ಸಿಪ್ಪೆಯ ಬಣ್ಣಕ್ಕೆ ಬರಬೇಕು. ಅಲ್ಲಿಗೆ ನಿಲ್ಲಿಸಿ. ಹದವಾಗಿ ಹುರಿದ ಮೆಂತ್ಯದಲ್ಲಿ ಕಹಿ ತಗ್ಗಿ ಒಂದು ಬಗೆಯ ಸುಟ್ಟ ಬೆಲ್ಲದ ಘಮ ಬರುತ್ತದೆ. ಕಪ್ಪಾಯಿತೋ, ಕಹಿ ಹಿಂದಿಗಿಂತ ಜಾಸ್ತಿ ಆಗುತ್ತದೆ. ಕಪ್ಪಾದದ್ದನ್ನು ಉಳಿಸಿಕೊಳ್ಳಲು ಹೋಗಬೇಡಿ, ಎರಡು ಚಮಚ ಮೆಂತ್ಯಕ್ಕೆ ಕಾಲು ಕಿಲೋ ಪುಡಿ ಕೆಡಿಸಿಕೊಳ್ಳುವುದು ಬೇಡ.

ಸಾಸಿವೆ ಒಂದೆರಡು ಕಾಳು ಸಿಡಿದ ಕೂಡಲೇ ತೆಗೆಯಿರಿ. ಕರಿಮೆಣಸು, ಲವಂಗ, ಚಕ್ಕೆ ಒಂದು ನಿಮಿಷ. ಜೀರಿಗೆ ಅದಕ್ಕೂ ಕಡಿಮೆ. ಓಮವನ್ನು ಉರಿಯ ಮೇಲೆ ಹುರಿಯುವುದೇ ಬೇಡ. ಉರಿ ಆರಿಸಿ, ಬಿಸಿ ಬಾಣಲೆಗೆ ಓಮ, ಕರಿಬೇವು ಹಾಕಿ ಆಡಿಸಿದರೆ ಸಾಕು. ಓಮದ ಗುಣವೆಲ್ಲ ಅದರ ಎಣ್ಣೆಯಲ್ಲಿದೆ, ಜಾಸ್ತಿ ಬಿಸಿಗೆ ಅದು ಹಾರಿಹೋಗುತ್ತದೆ.

ಕೊನೆಗೆ ಮೆಣಸಿನಕಾಯಿ. ಕಿಟಕಿ ತೆರೆದಿಡಿ, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಹೊರಗೆ ಕಳಿಸಿ. ಬಾಣಲೆಗೆ ಅರ್ಧ ಚಮಚ ಶೇಂಗಾ ಎಣ್ಣೆ ಸವರಿ, ಮೆಣಸಿನಕಾಯಿ ಸ್ವಲ್ಪ ಉಬ್ಬಿ ಹೊಳಪು ಬರುವವರೆಗೆ ಮಾತ್ರ ಬಿಸಿ ಮಾಡಿ. ಕಂದು ಬಣ್ಣಕ್ಕೆ ತಿರುಗಬಾರದು.

ಪುಡಿ ಮಾಡುವುದು

ಎಲ್ಲವೂ ಪೂರ್ತಿ ಆರಲಿ. ಬೆಚ್ಚಗಿರುವಾಗ ಜಾರ್‌ಗೆ ಹಾಕಿದರೆ ಒಳಗೆ ಹಬೆ ಕಟ್ಟಿ ಪುಡಿ ತೇವವಾಗುತ್ತದೆ. ಮೊದಲು ಮೆಣಸಿನಕಾಯಿ ಪುಡಿ ಮಾಡಿ, ಆಮೇಲೆ ಧನಿಯಾ ಮತ್ತು ಉಳಿದ ಸಾಮಾನು. ಮೆಂತ್ಯ ಮತ್ತು ಓಮವನ್ನು ಮಾತ್ರ ಬೇರೆಯಾಗಿ ಪುಡಿ ಮಾಡಿ ಇಟ್ಟುಕೊಳ್ಳಿ, ಕಾರಣ ಮುಂದೆ ಬರುತ್ತದೆ. ಮಿಕ್ಸರನ್ನು ಒಂದೇ ಸಮನೆ ತಿರುಗಿಸದೆ ನಿಲ್ಲಿಸಿ ನಿಲ್ಲಿಸಿ ಓಡಿಸಿ. ಜಾರ್ ಬಿಸಿಯಾದರೆ ಘಮ ಹೋಗುತ್ತದೆ.

ತೀರ ಹಿಟ್ಟಿನಷ್ಟು ನುಣ್ಣಗೆ ಬೇಡ. ಬೆರಳಲ್ಲಿ ಉಜ್ಜಿದರೆ ಸಣ್ಣ ರವೆಯಂತೆ ತಾಗಬೇಕು. ಹಾಗಿದ್ದರೆ ಮೀನು ಹುರಿಯುವಾಗ ಮೈಗೆ ಹಿಡಿದು ನಿಲ್ಲುತ್ತದೆ. ಜರಡಿ ಹಿಡಿದು, ಉಳಿದ ತರಿಯನ್ನು ಮತ್ತೊಮ್ಮೆ ತಿರುಗಿಸಿ. ಅರಿಶಿಣ ಕೊನೆಗೆ ಕಲಸಿ.

ಮನೆಮಂದಿ ಜಾಸ್ತಿ ಇದ್ದು ಕಿಲೋಗಟ್ಟಲೆ ಮಾಡುವವರು ಗಿರಣಿಗೆ ಒಯ್ಯಬಹುದು. ಹೋದಾಗ ಮೊದಲು ಬೀಳುವ ಒಂದೆರಡು ಹಿಡಿ ಪುಡಿಯನ್ನು ಬೇರೆ ಹಿಡಿಯಿರಿ. ನಿಮಗಿಂತ ಮುಂಚೆ ಬಂದವರ ಗರಂ ಮಸಾಲೆ ಗಿರಣಿಯಲ್ಲಿ ಉಳಿದಿರುತ್ತದೆ. ಆ ಮೊದಲ ಹಿಡಿಯನ್ನು ಪಲ್ಯಕ್ಕೆ ಬಳಸಿ.

ಈಗ ಮೆಂತ್ಯ, ಓಮದ ಮಾತು. ತಯಾರಾದ ಪುಡಿಯಲ್ಲಿ ಕಾಲು ಭಾಗ ಬೇರೆ ತೆಗೆದಿಡಿ. ಉಳಿದ ಮುಕ್ಕಾಲು ಭಾಗಕ್ಕೆ ಮೆಂತ್ಯ, ಓಮದ ಪುಡಿಯಲ್ಲಿ ಮುಕ್ಕಾಲು ಪಾಲು ಬೆರೆಸಿ. ಇದು ಹೊಳೆ ಮೀನಿನ ಪುಡಿ. ತೆಗೆದಿಟ್ಟ ಕಾಲು ಭಾಗಕ್ಕೆ ಒಂದು ಸಣ್ಣ ಚಮಚ ಬಡೇಸೋಪು ಪುಡಿ ಸೇರಿಸಿ. ಇದು ಸೀಗಡಿಗೆ, ಕಡಲ ಮೀನಿಗೆ. ಸೀಗಡಿಯಲ್ಲಿ ತನ್ನದೇ ಸಿಹಿ ಇದೆ, ಮೆಂತ್ಯದ ಕಹಿ ಅದರಲ್ಲಿ ಎದ್ದು ಕಾಣುತ್ತದೆ. ಬಡೇಸೋಪು ಆ ಸಿಹಿಗೆ ಜೊತೆಯಾಗುತ್ತದೆ. ಮಿಕ್ಕ ಮೆಂತ್ಯ, ಓಮದ ಪುಡಿ ಉಪ್ಪಿನಕಾಯಿಗೆ ಬಂತು.

ಗಾಜಿನ ಡಬ್ಬಿಯಲ್ಲಿ ತುಂಬಿ ಕತ್ತಲೆ ಕಪಾಟಿನಲ್ಲಿಡಿ. ಒಲೆಯ ಪಕ್ಕದ ಗೂಡು ಬೇಡ. ಎರಡು ಮೂರು ದಿನ ಬಿಟ್ಟು ಬಳಸಿದರೆ ಘಮಗಳೆಲ್ಲ ಒಂದಾಗಿರುತ್ತವೆ. ಮೂರು ತಿಂಗಳವರೆಗೆ ಚೆನ್ನಾಗಿರುತ್ತದೆ, ಆಮೇಲೆ ಕೆಡದಿದ್ದರೂ ಸಪ್ಪೆಯಾಗುತ್ತಾ ಹೋಗುತ್ತದೆ. ಅದಕ್ಕೇ ವರ್ಷದ ಲೆಕ್ಕದಲ್ಲಿ ಮಾಡಬೇಡಿ ಎನ್ನುವುದು.

ಅಡುಗೆಗೆ ಬಳಸುವ ಬಗೆ

ಪುಡಿ ಎಷ್ಟೇ ಒಳ್ಳೆಯದಿರಲಿ, ಮೀನು ಸರಿಯಾಗಿ ತೊಳೆಯದಿದ್ದರೆ ಪ್ರಯೋಜನವಿಲ್ಲ. ಮೀನು ಕೊಯ್ಯಿಸುವಾಗಲೇ “ಅಣ್ಣಾ, ಹೊಟ್ಟೆಯೊಳಗಿನ ಕರಿ ಪೊರೆ ಪೂರ್ತಿ ತೆಗೀರಿ, ಕಿವಿರು ಬಿಡಬ್ಯಾಡ್ರಿ” ಎಂದು ಹೇಳಿ. ಆ ಪೊರೆ ಕಹಿ, ವಾಸನೆಯೂ ಅದರಲ್ಲಿ ಜಾಸ್ತಿ. ಮನೆಗೆ ತಂದ ಮೇಲೆ ಕಲ್ಲುಪ್ಪು, ಅರಿಶಿಣ, ಒಂದು ಹಿಡಿ ಕಡಲೆಹಿಟ್ಟು ಹಾಕಿ ಉಜ್ಜಿ, ಲೋಳೆ ಹೋಗುವಂತೆ ಎರಡು ಮೂರು ನೀರಿನಲ್ಲಿ ತೊಳೆಯಿರಿ. ಕೊನೆಗೆ ಹುಳಿ ಮಜ್ಜಿಗೆಯಲ್ಲಿ ಹತ್ತು ನಿಮಿಷ ಇಟ್ಟು ತೊಳೆದರೆ ಮಣ್ಣುವಾಸನೆ ಬಹಳ ಮಟ್ಟಿಗೆ ಇಳಿಯುತ್ತದೆ.

ಸಾರಿಗೆ: ಒಂದು ಕಿಲೋ ಮೀನಿಗೆ 3 ದೊಡ್ಡ ಚಮಚ ಪುಡಿ, ನಿಂಬೆಗಾತ್ರದ ಹುಣಸೆಹಣ್ಣು. ಎಣ್ಣೆಯಲ್ಲಿ ಉಳ್ಳಾಗಡ್ಡಿ ಕೆಂಪಗೆ ಹುರಿದು, ಜಜ್ಜಿದ ಬಳ್ಳೊಳ್ಳಿ ಹಾಕಿ, ಉರಿ ತಗ್ಗಿಸಿ ಪುಡಿ ಹಾಕಿ. ಅರ್ಧ ನಿಮಿಷಕ್ಕೇ ಹುಣಸೆ ರಸ, ನೀರು, ಉಪ್ಪು ಸೇರಿಸಿ. ರಸ ಹತ್ತು ನಿಮಿಷ ಕುದ್ದು ಮೇಲೆ ಎಣ್ಣೆ ಕಾಣಲಿ, ಆಮೇಲೆ ಮೀನು ಬಿಡಿ. ಮೀನು ಬಿದ್ದ ಮೇಲೆ ಸೌಟು ಹಾಕಬೇಡಿ, ಪಾತ್ರೆಯ ಕಿವಿ ಹಿಡಿದು ತಿರುಗಿಸಿ. ಎಂಟು ಹತ್ತು ನಿಮಿಷ ಸಾಕು. ಈ ಸಾರು ಎರಡು ಮೂರು ಗಂಟೆ ಕೂತ ಮೇಲೆ ಇನ್ನೂ ರುಚಿ, ಬೆಳಿಗ್ಗೆ ಮಾಡಿ ಮಧ್ಯಾಹ್ನ ಜೋಳದ ರೊಟ್ಟಿಗೆ ಬಡಿಸುವುದೇ ಸರಿ.

ಹುರಿಯಲು: ಅರ್ಧ ಕಿಲೋಗೆ 2 ದೊಡ್ಡ ಚಮಚ ಪುಡಿ, 1 ಸಣ್ಣ ಚಮಚ ಉಪ್ಪು, ಬಳ್ಳೊಳ್ಳಿ ಪೇಸ್ಟ್, ಒಂದು ನಿಂಬೆಹಣ್ಣಿನ ರಸ, 1 ದೊಡ್ಡ ಚಮಚ ಜೋಳದ ಹಿಟ್ಟು. ಜೋಳದ ಹಿಟ್ಟು ಮಸಾಲೆಯನ್ನು ಹಿಡಿದಿಡುತ್ತದೆ, ಗರಿಗರಿ ಪದರವನ್ನೂ ಕೊಡುತ್ತದೆ. ಅರ್ಧ ಗಂಟೆ ನೆನೆಸಿ, ಹಂಚಿನ ಮೇಲೆ ಮಧ್ಯಮ ಉರಿಯಲ್ಲಿ ಹುರಿಯಿರಿ. ಒಂದೇ ಸಲ ಮಗುಚಿ. ಹಂಚು ಬಿಡದಿದ್ದರೆ ಇನ್ನೂ ಹದ ಬಂದಿಲ್ಲ ಎಂದು ತಿಳಿದು ಒಂದು ನಿಮಿಷ ಕಾಯಿರಿ.

ಇನ್ನು ಸೀಗಡಿ. ಬೆನ್ನಿನ ಕರಿ ನರ ತೆಗೆದ ಅರ್ಧ ಕಿಲೋ ಸೀಗಡಿಗೆ ಬಡೇಸೋಪು ಬೆರೆಸಿ ತೆಗೆದಿಟ್ಟ ಮಸಾಲೆ ಪುಡಿ ಒಂದೂವರೆ ದೊಡ್ಡ ಚಮಚ. ಇದಕ್ಕೆ ಹುಣಸೆ ಬಿಟ್ಟು ನಮ್ಮ ಪುಂಡಿ ಸೊಪ್ಪಿನ ಹುಳಿ ಕೊಡಿ, ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಒಂದು ಕಟ್ಟು ಪುಂಡಿ ಸೊಪ್ಪನ್ನು ಎಣ್ಣೆಯಲ್ಲಿ ಬಾಡಿಸಿ ಮಸೆದಿಟ್ಟುಕೊಳ್ಳಿ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಪುಡಿ ಹುರಿದು ಸೊಪ್ಪು ಸೇರಿಸಿ, ಕುದಿ ಬಂದ ಮೇಲೆ ಸೀಗಡಿ ಹಾಕಿ. ಮೂರು ನಾಲ್ಕು ನಿಮಿಷಕ್ಕೆ ಅದು ಕೆಂಪಗಾಗಿ ಅರ್ಧಚಂದ್ರನಂತೆ ಬಾಗುತ್ತದೆ. ಆಗಲೇ ಇಳಿಸಿ. ಇನ್ನೂ ಬಿಟ್ಟರೆ ಪೂರ್ತಿ ಸುತ್ತಿಕೊಂಡು ರಬ್ಬರಿನಂತೆ ಆಗುತ್ತದೆ. ಒಣ ಸೀಗಡಿ ಇದ್ದರೂ ನಡೆಯುತ್ತದೆ. ತಲೆ ಬಾಲ ಮುರಿದು, ಎಣ್ಣೆ ಇಲ್ಲದೆ ಹುರಿದು, ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ ಹಿಂಡಿ ಹಾಕಿ. ಅದರಲ್ಲೇ ಉಪ್ಪು ಇರುತ್ತದೆ, ಮೇಲೆ ಉಪ್ಪು ಹಾಕುವ ಮೊದಲು ಒಮ್ಮೆ ರುಚಿ ನೋಡಿ.