ಕಾರಿನ ಕೀ ಕಳೆದರೆ ಏನು ಮಾಡಬೇಕು, ಹೊಸದನ್ನು ಹೇಗೆ ಮಾಡಿಸಬೇಕು

ಕೀ ಕಾಣುತ್ತಿಲ್ಲ ಅಂತ ಗೊತ್ತಾದ ತಕ್ಷಣ ಕೀ ಮಾಡುವವರಿಗೆ ಫೋನ್ ಮಾಡಬೇಡಿ. ಮೊದಲು ಕಾರಿನ ಹತ್ತಿರ ಹೋಗಿ. ನಿಮ್ಮದು ಬಟನ್ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ ಕೀ ಎಲ್ಲಿದೆ ಅನ್ನುವುದರ ಅರ್ಧ ಉತ್ತರವನ್ನು ಕಾರೇ ಹೇಳುತ್ತದೆ. ಆವತ್ತು ತೆಗೆದುಕೊಂಡು ಹೋಗಿದ್ದ ಬ್ಯಾಗು, ಜಾಕೆಟ್ಟು, ಮಗುವಿನ ಚೀಲ ಎಲ್ಲವನ್ನೂ ಹೆಗಲಿಗೆ ಹಾಕಿಕೊಂಡು ಬಾಗಿಲಿನ ಹ್ಯಾಂಡಲ್ ಮೇಲಿರುವ ಚಿಕ್ಕ ಬಟನ್ ಒತ್ತಿ ನೋಡಿ. ಬಾಗಿಲು ತೆರೆದರೆ ಕೀ ಹತ್ತಿರದಲ್ಲೇ, ಹೆಚ್ಚೆಂದರೆ ಒಂದೆರಡು ಹೆಜ್ಜೆ ದೂರದಲ್ಲಿ ಇದೆ ಅಂತಲೇ ಅರ್ಥ. ಬ್ಯಾಗಿನ ಒಳಬಟ್ಟೆ ಹರಿದು ಅದರೊಳಗೆ ಜಾರಿರುವುದು ತುಂಬಾ ಸಾಮಾನ್ಯ. ಬಾಗಿಲು ಹೇಗಿದ್ದರೂ ತೆರೆದೇ ಇದ್ದರೆ, ಬ್ಯಾಗುಗಳನ್ನೆಲ್ಲ ಹೊರಗೆ ದೂರ ಇಟ್ಟು, ಒಳಗೆ ಕೂತು ಸ್ಟಾರ್ಟ್ ಬಟನ್ ಒತ್ತಿ. ಗಾಡಿ ಸ್ಟಾರ್ಟ್ ಆದರೆ ಸೀಟಿನ ಕೆಳಗೆ, ಹ್ಯಾಂಡ್ ಬ್ರೇಕ್ ಪಕ್ಕದ ಸಂದಿಯಲ್ಲಿ ಕೈ ಹಾಕಿ ಹುಡುಕಿ. ಕೀಯೊಳಗಿನ ಸೆಲ್ ಸತ್ತಿದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ.

ಕೀ ಕಾರಿನ ಒಳಗೇ ಕಾಣುತ್ತಿದೆ, ಬಾಗಿಲು ಲಾಕ್ ಆಗಿದೆ ಅಂದರೆ ಅದು ಕಳೆದ ಲೆಕ್ಕವಲ್ಲ. ಇನ್ಶೂರೆನ್ಸ್ ಜೊತೆ ಅಥವಾ ಕಾರು ಕಂಪನಿಯಿಂದ ರೋಡ್‌ಸೈಡ್ ಅಸಿಸ್ಟೆನ್ಸ್ ತೆಗೆದುಕೊಂಡಿದ್ದರೆ ಅವರಿಗೆ ಕರೆ ಮಾಡಿ. ಬಾಗಿಲು ತೆಗೆಸಿಕೊಡುವುದು ಸಾಮಾನ್ಯವಾಗಿ ಅದರಲ್ಲಿ ಸೇರಿರುತ್ತದೆ. ಆದರೆ ಒಳಗೆ ಮಗು ಇದ್ದರೆ ಯಾರಿಗೂ ಕಾಯಬೇಡಿ. ಬಿಸಿಲಿನಲ್ಲಿ ಮುಚ್ಚಿದ ಕಾರು ಕೆಲವೇ ನಿಮಿಷಗಳಲ್ಲಿ ಕುಲುಮೆಯಾಗುತ್ತದೆ. ಮಗುವಿನಿಂದ ದೂರದಲ್ಲಿರುವ ಪಕ್ಕದ ಗಾಜನ್ನು ಮೂಲೆಗೆ ಹೊಡೆದು ಒಡೆಯಿರಿ. ನಡುವೆ ಹೊಡೆದರೆ ಸುಲಭಕ್ಕೆ ಒಡೆಯುವುದಿಲ್ಲ.

ಇನ್ನೊಂದು ಪರಿಸ್ಥಿತಿ ಈಗ ಜಾಸ್ತಿ ಆಗಿದೆ. ಯಜಮಾನರು ಕಾರು ಸ್ಟಾರ್ಟ್ ಮಾಡಿ ಓಡಿಸಿಕೊಂಡು ಬಂದು ರೈಲ್ವೆ ಸ್ಟೇಷನ್ ಮುಂದೆ ಇಳಿಯುತ್ತಾರೆ, ಕೀ ಅವರ ಜೇಬಿನಲ್ಲೇ ಹೋಗುತ್ತದೆ, ಮನೆಯವರು ಡ್ರೈವರ್ ಸೀಟಿಗೆ ಬಂದು ಹೊರಡುತ್ತಾರೆ. ಕೀ ದೂರ ಹೋಯಿತು ಅಂತ ಕಾರು ಕೂಗುತ್ತದೆ, ಮೀಟರಿನಲ್ಲಿ ಸೂಚನೆ ಬರುತ್ತದೆ, ಆದರೆ ಓಡುತ್ತಿರುವ ಇಂಜಿನ್ ನಿಲ್ಲುವುದಿಲ್ಲ. ಓಡುವಾಗ ನಿಂತರೆ ಅಪಾಯ ಅಂತಲೇ ಹಾಗೆ ಮಾಡಿರುತ್ತಾರೆ. ಇಂಥ ಹೊತ್ತಿನಲ್ಲಿ ಗಾಡಿ ಆಫ್ ಮಾಡಬೇಡಿ. ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಹಾಗೇ ವಾಪಸ್ ಹೋಗಿ ಕೀ ಇಸ್ಕೊಳ್ಳಿ, ಇಲ್ಲವೇ ಎರಡನೇ ಕೀ ಇರುವ ಮನೆಗೆ ನೇರ ಹೋಗಿ.

ಇಷ್ಟೆಲ್ಲ ಆಗಿಯೂ ಕೀ ಸಿಗಲಿಲ್ಲ ಅಂದುಕೊಳ್ಳಿ. ಈಗ ಹಣದ ಪ್ರಶ್ನೆ ಬರುತ್ತದೆ. ಎಷ್ಟು ಆಗುತ್ತದೆ ಅನ್ನುವುದು ನಿಮ್ಮ ಕೀಯೊಳಗೆ ಏನಿತ್ತು ಅನ್ನುವುದರ ಮೇಲೆ ನಿಂತಿದೆ. ಇದು ಗೊತ್ತಿಲ್ಲದೆ ಅಂಗಡಿಗೆ ಹೋದರೆ ಅವರು ಹೇಳಿದ್ದೇ ರೇಟು.

ಹಳೆಯ ಮಾರುತಿ 800, ಅಂಬಾಸಿಡರ್ ಕೀ ಬರೀ ಲೋಹದ ತುಂಡು. ಬೀದಿ ಬದಿಯಲ್ಲಿ ಕೂತವರು ನೋಡನೋಡುತ್ತಲೇ ಉಜ್ಜಿ ಕೊಡುತ್ತಿದ್ದರು. ಈಗಿನ ಕೀಯಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಒಂದು, ಬಾಗಿಲು ತೆರೆಯುವ ಲೋಹದ ಭಾಗ. ಎರಡನೆಯದು, ದೂರದಿಂದ ಸೆಂಟರ್ ಲಾಕ್ ಹಾಕುವ ರಿಮೋಟ್. ಇದಕ್ಕೆ ಸೆಲ್ ಬೇಕು. ನಮ್ಮಲ್ಲಿನ ಹೆಚ್ಚಿನ ಕಾರುಗಳಲ್ಲಿ ಇದು 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ, ಪ್ರತಿ ಸಲ ಒತ್ತಿದಾಗಲೂ ಬೇರೆ ಕೋಡ್ ಕಳಿಸುತ್ತದೆ. ಹಾಗಾಗಿ ಒಮ್ಮೆ ಕದ್ದು ರೆಕಾರ್ಡ್ ಮಾಡಿದ್ದನ್ನು ಮತ್ತೆ ಬಳಸಲು ಆಗುವುದಿಲ್ಲ. ಮೂರನೆಯದು ಕಣ್ಣಿಗೆ ಬೀಳದ ಚಿಪ್. ದುಡ್ಡು ಹೋಗುವುದು ಮುಖ್ಯವಾಗಿ ಇದಕ್ಕೇ.

ಕೀಯ ಪ್ಲಾಸ್ಟಿಕ್ ಬಿಚ್ಚಿದರೆ ಒಂದು ಮೂಲೆಯಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಗಾಜಿನ ಕೊಳವೆ ಅಥವಾ ಕಪ್ಪು ಚೂರೊಂದು ಸಿಕ್ಕಿಸಿರುತ್ತದೆ. ಕೆಲವದರಲ್ಲಿ ಸರ್ಕ್ಯೂಟ್ ಬೋರ್ಡ್ ಮೇಲೆಯೇ ಇರುತ್ತದೆ. ಇದಕ್ಕೆ ಸೆಲ್ ಬೇಡ. ಕೀ ತಿರುಗಿಸುವ ಜಾಗದ ಸುತ್ತ ಒಂದು ತಂತಿಯ ಸುರುಳಿ ಇದೆ. ನೀವು ಕೀ ತಿರುಗಿಸಿದಾಗ ಆ ಸುರುಳಿ 125 ಕಿಲೋಹರ್ಟ್ಸ್ ಸುಮಾರಿನ ಅಲೆಯಲ್ಲಿ ಚಿಪ್‌ಗೆ ಶಕ್ತಿಯನ್ನೂ ಕೊಡುತ್ತದೆ, ಒಂದು ಪ್ರಶ್ನೆಯನ್ನೂ ಕೇಳುತ್ತದೆ. ಚಿಪ್ ತನ್ನೊಳಗಿನ ಗುಟ್ಟಿನ ಸಂಖ್ಯೆಯಿಂದ ಲೆಕ್ಕ ಹಾಕಿ ಉತ್ತರ ಕೊಡಬೇಕು. ಉತ್ತರ ಸರಿ ಇದ್ದರೆ ಇಂಜಿನ್ ಕಂಪ್ಯೂಟರ್ ಪೆಟ್ರೋಲ್ ಬಿಡುತ್ತದೆ, ತಪ್ಪಿದರೆ ಬಿಡುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಈ ವ್ಯವಸ್ಥೆಗೆ ಇಮೊಬಿಲೈಸರ್ ಅನ್ನುತ್ತಾರೆ. ಮಾರುತಿ ಕಾರುಗಳಲ್ಲಿ ಐಕ್ಯಾಟ್ಸ್ ಅಂತ ಹೆಸರು ಕೇಳಿರುತ್ತೀರಿ. ಡ್ಯಾಶ್‌ಬೋರ್ಡಿನಲ್ಲಿ ಕಾರಿನ ಮೇಲೆ ಕೀ ಅಥವಾ ಬೀಗದ ಚಿತ್ರವಿರುವ ಪುಟ್ಟ ದೀಪ ಇದೆಯಲ್ವಾ, ಅದು ಇದರದ್ದೇ.

ಯೂರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇಮೊಬಿಲೈಸರ್ ಕಡ್ಡಾಯ. ಅಮೆರಿಕದಲ್ಲಿ ಹಾಗೆ ನಿಯಮ ಇರಲಿಲ್ಲ. 2021ರವರೆಗೆ ಅಲ್ಲಿ ಮಾರಿದ ಬಹಳಷ್ಟು ಹ್ಯುಂಡೈ ಮತ್ತು ಕಿಯಾ ಕಾರುಗಳಲ್ಲಿ ಈ ಚಿಪ್ ಇರಲಿಲ್ಲ. ಯುಎಸ್‌ಬಿ ಕೇಬಲ್ ತುದಿಯಿಂದ ಸ್ಟಾರ್ಟ್ ಮಾಡುವ ವಿಡಿಯೋ ಹರಡಿದ ಮೇಲೆ ಹುಡುಗರು ಊರೂರಿನಲ್ಲಿ ಅವನ್ನು ಕದ್ದೊಯ್ದರು. ಹೊಸ ಕೀಗೆ ಸಾವಿರಗಟ್ಟಲೆ ಕೊಡುವಾಗ ಹೊಟ್ಟೆ ಉರಿಯುವುದು ನಿಜ, ಆದರೆ ಆ ದುಡ್ಡು ಯಾವುದಕ್ಕೆ ಹೋಗುತ್ತಿದೆ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಬಟನ್ ಸ್ಟಾರ್ಟ್ ಕಾರಿನ ಸ್ಮಾರ್ಟ್ ಕೀಯಲ್ಲಿ ಇದೇ ಕೆಲಸ ಸ್ವಲ್ಪ ದೂರದಿಂದ ನಡೆಯುತ್ತದೆ. ಕಾರು ಕೂಗುತ್ತದೆ, ಜೇಬಿನಲ್ಲಿರುವ ಕೀ ಉತ್ತರ ಕೊಡುತ್ತದೆ.

ರೇಟು ಕಾರಿನಿಂದ ಕಾರಿಗೆ ಬೇರೆ. ಆದರೂ ಒಂದು ಅಂದಾಜು ತಲೆಯಲ್ಲಿರಲಿ. ಬರೀ ಲೋಹದ ಕೀ ನೂರರ ಲೆಕ್ಕ. ಚಿಪ್ ಇರುವ ಕೀ ಸಾವಿರದ ಲೆಕ್ಕ. ಸ್ಮಾರ್ಟ್ ಕೀ ಹತ್ತು ಸಾವಿರದ ಆಚೀಚೆ, ದುಬಾರಿ ಜರ್ಮನ್ ಕಾರುಗಳಲ್ಲಿ ಅದರ ಎಷ್ಟೋ ಪಟ್ಟು.

ಇನ್ನೂ ಒಂದು ಕೀ ಕೈಯಲ್ಲಿದ್ದರೆ ಕೆಲಸ ಸುಲಭ. ಕಾರನ್ನು ಓಡಿಸಿಕೊಂಡೇ ಹೋಗಬಹುದು, ಇರುವ ಕೀಯನ್ನು ಸಾಕ್ಷಿಯಾಗಿಟ್ಟುಕೊಂಡು ಹೊಸದನ್ನು ಸೇರಿಸಬಹುದು, ನಾಲ್ಕು ಕಡೆ ರೇಟು ಕೇಳಲು ಪುರುಸೊತ್ತು ಇರುತ್ತದೆ. ಎರಡೂ ಹೋದವು ಅಂದರೆ ಕಥೆಯೇ ಬೇರೆ. ಸ್ಟೇರಿಂಗ್ ಲಾಕ್ ಆಗಿರುತ್ತದೆ, ಹಗ್ಗ ಕಟ್ಟಿ ಎಳೆಯಲು ಹೋಗಬೇಡಿ, ನಾಲ್ಕೂ ಚಕ್ರ ಮೇಲೆ ನಿಲ್ಲುವ ಫ್ಲಾಟ್‌ಬೆಡ್ ಗಾಡಿಯೇ ಬೇಕು. ಆಟೋಮ್ಯಾಟಿಕ್ ಕಾರು ಪಿ (ಪಾರ್ಕಿಂಗ್) ಗೇರಿನಲ್ಲಿದ್ದರೆ ಇನ್ನೂ ಕಷ್ಟ. ಕೆಲವು ಕಾರುಗಳಲ್ಲಿ ಎಲ್ಲ ಕೀ ಹೋದರೆ ಇಮೊಬಿಲೈಸರ್ ಭಾಗವನ್ನೋ ಇಡೀ ಲಾಕ್ ಸೆಟ್ಟನ್ನೋ ಬದಲಿಸಿ ಅನ್ನುತ್ತಾರೆ, ಬಿಲ್ಲು ಹಾರಿಬಿಡುತ್ತದೆ. ಒಂದೇ ಕೀ ಇಟ್ಟುಕೊಂಡು ಕಾರು ಓಡಿಸುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಈ ತಿಂಗಳೇ ಎರಡನೆಯದು ಮಾಡಿಸಿ.

ಸರ್ವಿಸ್ ಸೆಂಟರಿಗೆ ಹೋಗುವಾಗ ಆರ್‌ಸಿ, ನಿಮ್ಮ ಗುರುತಿನ ಚೀಟಿ, ಇನ್ಶೂರೆನ್ಸ್ ಪ್ರತಿ, ಉಳಿದಿರುವ ಎಲ್ಲ ಕೀಗಳು ಜೊತೆಗಿರಲಿ. ಆರ್‌ಸಿ ಕಾರಿನೊಳಗೇ ಸಿಕ್ಕಿಹಾಕಿಕೊಂಡಿದ್ದರೆ ಡಿಜಿಲಾಕರಿನಲ್ಲಿ ಸಿಗುತ್ತದೆ. ಕಾರು ಕಂಪನಿ ಹೆಸರಿನಲ್ಲಿದ್ದರೆ ಅವರ ಪತ್ರ ಕೇಳುತ್ತಾರೆ. ಹದಿನೇಳು ಅಕ್ಷರ ಮತ್ತು ಅಂಕಿಗಳ ಚಾಸಿಸ್ ನಂಬರಿನ ಮೇಲೆ ಕೀ ತರಿಸುತ್ತಾರೆ, ಬರಲು ದಿನಗಳು ಹಿಡಿಯುತ್ತವೆ, ಬಂದ ಮೇಲೆ ಕಾರು ಅಲ್ಲಿರಲೇಬೇಕು. ಹೊಸ ಕಾರಿನ ಜೊತೆ ಪುಟ್ಟ ಲೋಹದ ಬಿಲ್ಲೆಯೋ ಟ್ಯಾಗೋ ಬಂದಿದ್ದರೆ ಅದರ ಮೇಲಿರುವುದು ಕೀ ನಂಬರ್. ಆ ನಂಬರಿನಿಂದ ಕತ್ತರಿಸಿದ ಕೀ ಫ್ಯಾಕ್ಟರಿ ಅಳತೆಗೇ ಬರುತ್ತದೆ. ಹತ್ತು ವರ್ಷ ಸವೆದ ಕೀಯನ್ನು ನೋಡಿ ನಕಲು ಮಾಡಿಸಿದರೆ ಸವೆತವೂ ನಕಲಾಗುತ್ತದೆ, ಒಂದೆರಡು ವರ್ಷಕ್ಕೆ ಬಾಗಿಲಿನಲ್ಲಿ ಸಿಕ್ಕಿಕೊಳ್ಳಲು ಶುರುವಾಗುತ್ತದೆ.

ಹೊರಗಿನ ಕೀ ಮೇಕರ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ವಾರಂಟಿ ಮುಗಿದ, ಮಾಮೂಲಿ ಚಿಪ್ ಕೀ ಇರುವ ಕಾರಿಗೆ ಕೆಲಸ ಗೊತ್ತಿರುವವರು ಸಿಕ್ಕರೆ ಅದೇ ಒಳ್ಳೆಯದು. ಕಾರು ನಿಂತಲ್ಲಿಗೇ ಬರುತ್ತಾರೆ, ಟೋಯಿಂಗ್ ಖರ್ಚು ಉಳಿಯುತ್ತದೆ. ಸ್ಟೇರಿಂಗ್ ಕೆಳಗೆ ಮೊಣಕಾಲಿನ ಹತ್ತಿರ ಕಾರಿನ ಕಂಪ್ಯೂಟರಿಗೆ ಯಂತ್ರ ಜೋಡಿಸಲು ಹದಿನಾರು ಪಿನ್ನಿನ ಓಬಿಡಿ ಸಾಕೆಟ್ ಇರುತ್ತದೆ, ಅದಕ್ಕೆ ಟ್ಯಾಬ್ಲೆಟ್ ತರಹದ ಯಂತ್ರ ಸಿಕ್ಕಿಸಿ, ಕಾರಿನ ಮಾಡೆಲ್ ಆರಿಸಿ, ಹೊಸ ಕೀ ಹಾಕಿ ಇಗ್ನಿಷನ್ ಆನ್ ಮಾಡುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಟಪಟಪ ಮಿನುಗುತ್ತಿದ್ದ ಇಮೊಬಿಲೈಸರ್ ದೀಪ ಆರಿದರೆ ಕಾರು ಹೊಸ ಕೀಯನ್ನು ಒಪ್ಪಿಕೊಂಡಿತು ಅಂತ. ಸ್ಮಾರ್ಟ್ ಕೀ ಎರಡೂ ಹೋಗಿದ್ದರೆ, ಅಥವಾ ವಾರಂಟಿ ಇದ್ದರೆ ಮಾತ್ರ ದುಡ್ಡು ಹೆಚ್ಚಾದರೂ ಕಂಪನಿಗೇ ಹೋಗಿ.

ಕೀ ಮೇಕರ್ ಹತ್ತಿರ ಕೆಲಸ ಶುರುವಾಗುವ ಮೊದಲೇ ಒಂದು ಮಾತು ಕೇಳಿ: ಚಿಪ್ ಕ್ಲೋನ್ ಮಾಡುತ್ತೀರಾ, ಹೊಸದಾಗಿ ಸೇರಿಸುತ್ತೀರಾ? ಕ್ಲೋನ್ ಅಂದರೆ ಹಳೆಯ ಕೀಯ ಗುರುತನ್ನೇ ಇನ್ನೊಂದು ಚಿಪ್ಪಿಗೆ ಇಳಿಸುವುದು. ಕಾರಿಗೆ ಎರಡೂ ಒಂದೇ. ಮುಂದೆ ಒಂದು ಕಳೆದರೆ ಅದನ್ನು ಮಾತ್ರ ಅಳಿಸಲು ಆಗುವುದಿಲ್ಲ, ಅಳಿಸಿದರೆ ಎರಡೂ ಹೋಗುತ್ತವೆ. ಹೊಸದಾಗಿ ಸೇರಿಸಿದ ಕೀಗೆ ಅದರದ್ದೇ ಗುರುತು ಇರುತ್ತದೆ, ಅದನ್ನೇ ಮಾಡಿಸಿ. ಕೆಲವರು ಇರುವ ಚಿಪ್ಪನ್ನು ತೆಗೆದು ಸ್ಟೇರಿಂಗ್ ಕವರಿನೊಳಗೆ ಶಾಶ್ವತವಾಗಿ ಅಂಟಿಸಿ, ಮೇಲೆ ಸಾದಾ ಕೀ ಕೊಟ್ಟು ಕಡಿಮೆಯಲ್ಲಿ ಮುಗಿಸುತ್ತಾರೆ. ಗಾಡಿ ಸ್ಟಾರ್ಟ್ ಆಗುತ್ತದೆ ನಿಜ, ಆದರೆ ಇನ್ನು ಮುಂದೆ ಕಳ್ಳನಿಗೂ ಆಗುತ್ತದೆ. ಇದಕ್ಕೆ ಯಾವ ಕಾರಣಕ್ಕೂ ಒಪ್ಪಬೇಡಿ.

ಕಳೆದ ಕೀಯನ್ನು ಕಾರಿನ ನೆನಪಿನಿಂದ ಅಳಿಸುವುದು ಹೊಸದು ಮಾಡಿಸಿದಷ್ಟೇ ಮುಖ್ಯ. ಬಹಳ ಜನ ಇದನ್ನು ಕೇಳುವುದೇ ಇಲ್ಲ. ಕೀ ಬಿದ್ದಿದ್ದು ನಿಮ್ಮ ಅಪಾರ್ಟ್‌ಮೆಂಟಿನಲ್ಲೋ ಆಫೀಸಿನ ಪಾರ್ಕಿಂಗ್‌ನಲ್ಲೋ ಆಗಿದ್ದರೆ ಸಿಕ್ಕವರಿಗೆ ಬಟನ್ ಒತ್ತಿ ನೋಡಿದರೆ ಸಾಕು, ಯಾವ ಕಾರು ಅಂತ ಗೊತ್ತಾಗುತ್ತದೆ. ಹೆಚ್ಚಿನ ಕಾರುಗಳಲ್ಲಿ ಎಲ್ಲವನ್ನೂ ಅಳಿಸಿ, ಈಗ ಕೈಯಲ್ಲಿರುವ ಕೀಗಳನ್ನು ಮಾತ್ರ ಮತ್ತೆ ಸೇರಿಸುತ್ತಾರೆ. ಅದಕ್ಕೇ ಮನೆಯಲ್ಲಿರುವ ಎಲ್ಲ ಕೀ ತನ್ನಿ ಅನ್ನುವುದು. ಎಷ್ಟು ಕೀ ನೋಂದಣಿಯಾಗಿವೆ ಅನ್ನುವುದನ್ನು ಬಹಳಷ್ಟು ಕಾರುಗಳಲ್ಲಿ ಯಂತ್ರದ ಪರದೆಯ ಮೇಲೇ ನೋಡಬಹುದು, ತೋರಿಸಿ ಅಂತ ಕೇಳಿ. ಕಳೆದ ಕೀಯ ಲೋಹದ ಭಾಗ ಮಾತ್ರ ಹಾಗೇ ಬಾಗಿಲು ತೆರೆಯುತ್ತಿರುತ್ತದೆ, ಆದ್ದರಿಂದ ಕಾರಿನಲ್ಲಿ ಬೆಲೆಬಾಳುವ ಸಾಮಾನು ಬಿಡಬೇಡಿ.

ಪೊಲೀಸ್ ದೂರು ಸುಮ್ನೆ ತಲೆನೋವು ಅಂತ ಬಿಡಬೇಡಿ. ಕಳೆದ ವಸ್ತುಗಳ ಬಗ್ಗೆ ಆನ್‌ಲೈನಿನಲ್ಲೇ ದೂರು ಕೊಡಲು ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೌಲಭ್ಯ ಇದೆ, ಇಲ್ಲವೇ ಹತ್ತಿರದ ಠಾಣೆಯಲ್ಲಿ ಬರೆದುಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮುಂದೆಂದಾದರೂ ಕಾರು ಕಳುವಾದರೆ ಇನ್ಶೂರೆನ್ಸ್‌ನವರು ಎರಡೂ ಒರಿಜಿನಲ್ ಕೀ ಕೇಳುತ್ತಾರೆ. ಒಂದೇ ಇದ್ದರೆ, ಕಾರಿನಲ್ಲೇ ಕೀ ಬಿಟ್ಟು ಹೋಗಿದ್ದಿರಾ ಅಂತ ಪ್ರಶ್ನೆ ಏಳುತ್ತದೆ. ಆಗ ಈ ದೂರಿನ ಪ್ರತಿ ಮತ್ತು ಹೊಸ ಕೀಯ ಬಿಲ್ಲು ಕೈ ಹಿಡಿಯುತ್ತವೆ. ಪಾಲಿಸಿಯಲ್ಲಿ ಕೀ ರಿಪ್ಲೇಸ್‌ಮೆಂಟ್ ಕವರ್ ಸೇರಿಸಿದ್ದೀರಾ ಅಂತಲೂ ನೋಡಿ. ಇದ್ದರೆ ಕೀ ಮಾಡಿಸುವ ಮೊದಲೇ ಅವರಿಗೆ ತಿಳಿಸಬೇಕು.

ಹೊಸ ಕೀ ಕೈಗೆ ಬಂದಾಗ ಅಲ್ಲೇ ನಿಂತು ಪರೀಕ್ಷೆ ಮಾಡಿ, ದುಡ್ಡು ಆಮೇಲೆ. ಕಿಟಕಿ ಇಳಿಸಿಟ್ಟುಕೊಳ್ಳಿ. ಪ್ರತಿ ಕೀಯಿಂದಲೂ ಸ್ಟಾರ್ಟ್ ಮಾಡಿ, ಆಗ ಇನ್ನೊಂದು ಕೀ ದೂರದಲ್ಲಿರಲಿ. ಒಂದೇ ರಿಂಗಿನಲ್ಲಿ ಎರಡು ಚಿಪ್ ಕೀ ಇದ್ದರೆ ಕಾರಿಗೆ ಗೊಂದಲವಾಗಬಹುದು. ಲೋಹದ ಭಾಗದಿಂದ ಡ್ರೈವರ್ ಬಾಗಿಲು ತೆರೆಯಿರಿ, ಡಿಕ್ಕಿ ನೋಡಿ. ಸ್ಮಾರ್ಟ್ ಕೀ ಆದರೆ ಸೆಲ್ ತೆಗೆದು, ಕೀಯನ್ನು ಸ್ಟಾರ್ಟ್ ಬಟನ್ನಿಗೇ ತಾಗಿಸಿ ಒತ್ತಿ. ಬಹಳಷ್ಟು ಕಾರುಗಳು ಹಾಗೆ ಸ್ಟಾರ್ಟ್ ಆಗುತ್ತವೆ. ಕೆಲವದರಲ್ಲಿ ತಾಗಿಸುವ ಜಾಗ ಬೇರೆ, ಮ್ಯಾನುಯಲ್‌ನಲ್ಲಿ ಬರೆದಿರುತ್ತದೆ. ಸ್ಮಾರ್ಟ್ ಕೀಯೊಳಗೆ ಅಡಗಿರುವ ಪುಟ್ಟ ಲೋಹದ ಕೀಯನ್ನು ಹೊರಗೆಳೆಯುವುದು ಹೇಗೆ ಅಂತಲೂ ಮನೆಯವರಿಗೆಲ್ಲ ತೋರಿಸಿಕೊಡಿ. ಸೆಲ್ ಸಾಮಾನ್ಯವಾಗಿ ಸಿಆರ್2032, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ರಿಮೋಟ್ ಹತ್ತಿರದಿಂದ ಮಾತ್ರ ಕೆಲಸ ಮಾಡಲು ಶುರುಮಾಡಿದರೆ ಬದಲಿಸಿಬಿಡಿ.

ಗೋಕರ್ಣ, ಮಲ್ಪೆ ಕಡೆ ಹೋದಾಗ ಕೀ ಜೇಬಿನಲ್ಲಿಟ್ಟುಕೊಂಡು ಸಮುದ್ರಕ್ಕೆ ಇಳಿಯಬೇಡಿ. ಅಕಸ್ಮಾತ್ ನೆನೆದರೆ ತಕ್ಷಣ ಸೆಲ್ ತೆಗೆದು, ಒಳಗಿನ ಬೋರ್ಡನ್ನು ಸಿಹಿನೀರಿನಲ್ಲಿ ತೊಳೆದು, ಎರಡು ದಿನ ನೆರಳಿನಲ್ಲಿ ಒಣಗಿಸಿ. ಉಪ್ಪು ಹಾಗೇ ಉಳಿದರೆ ಬೋರ್ಡನ್ನು ತಿಂದುಹಾಕುತ್ತದೆ. ರಿಮೋಟ್ ಸತ್ತರೂ ಗಾಜಿನ ಚಿಪ್ ಬದುಕಿರಬಹುದು, ಹಾಗಾಗಿ ಹಾಳಾದ ಕೀಯನ್ನು ಎಸೆಯದೆ ಕೀ ಮೇಕರಿಗೆ ತೋರಿಸಿ.

ಸ್ಮಾರ್ಟ್ ಕೀ ಇರುವವರಿಗೆ ಇನ್ನೊಂದು ಮಾತು. ಮನೆಯೊಳಗಿರುವ ಕೀಯ ಸಂಕೇತವನ್ನು ಎರಡು ಯಂತ್ರಗಳಿಂದ ಎಳೆದು ಗೇಟಿನ ಹೊರಗಿನ ಕಾರಿಗೆ ತಲುಪಿಸುವ ಕಳ್ಳತನ ಬ್ರಿಟನ್ನಿನಲ್ಲಿ ಬಹಳ ನಡೆದಿದೆ. ರಸ್ತೆ ಬದಿ ನಿಲ್ಲಿಸುವವರು ರಾತ್ರಿ ಕೀಯನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಡಬ್ಬಿಯನ್ನು ಕಾರಿನ ಪಕ್ಕ ಹಿಡಿದು ಹ್ಯಾಂಡಲ್ ಬಟನ್ ಒತ್ತಿ. ಬಾಗಿಲು ತೆರೆದುಕೊಂಡರೆ ಬೇರೆ ಡಬ್ಬಿ ನೋಡಿ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಎರಡೂ ಕೀ, ಕೀ ನಂಬರಿನ ಟ್ಯಾಗು, ಸೆಕ್ಯುರಿಟಿ ಕೋಡಿನ ಕಾರ್ಡ್ ಇದ್ದರೆ ಅದನ್ನೂ ಕೇಳಿ. ಒಂದೇ ಕೀ ಇದೆ ಅಂದರೆ ಹೊಸ ಕೀ ಮಾಡಿಸಿ ಕಾಣೆಯಾದದ್ದನ್ನು ಅಳಿಸುವ ಖರ್ಚನ್ನು ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ, ಅಷ್ಟನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ. ಟ್ಯಾಗು ಸಿಕ್ಕರೆ ಫೋಟೋ ತೆಗೆದಿಟ್ಟುಕೊಳ್ಳಿ, ಆದರೆ ಅದನ್ನು ಕೀ ಗೊಂಚಲಿಗೇ ನೇತುಹಾಕಬೇಡಿ. ಆ ನಂಬರ್ ಸಿಕ್ಕವರು ಹೊಸ ಕೀ ಕತ್ತರಿಸಿಕೊಳ್ಳಬಹುದು.